214 ಆಗಲೇ ಲಾರಿಯಲ್ಲಿದೆ

"ಹನ್ನೆರಡನೇ ಜಂಪ್. 214. ಕ್ಲಿಯರ್."

"ಹನ್ನೆರಡು, ಇನ್ನೊಮ್ಮೆ ಹೇಳಿ?"

"214. ಕ್ಲಿಯರ್."

ರೇಡಿಯೊದಲ್ಲಿ ಸ್ವಲ್ಪ ಹೊತ್ತು ಬರೀ ಗರಗರ. ಆಮೇಲೆ ಕಂಟ್ರೋಲ್‌ನಲ್ಲಿ ಕೂತ ಹೆಂಗಸಿನ ತಣ್ಣನೆಯ ದನಿ: "214 ಆಗಲೇ ಲಾರಿಯಲ್ಲಿದೆ. ಮುಕ್ಕಾಲು ಗಂಟೆಯಾಯಿತು."

ಶನಿವಾರದಿಂದ ಈ ಮಾತು ಕಿವಿ ಬಿಟ್ಟು ಹೋಗಿಲ್ಲ. ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಈವೆಂಟಿಂಗ್ ಎಂಬ ಕುದುರೆ ಸವಾರಿಯ ಒಂದು ದಿನದ ಸ್ಪರ್ಧೆ ಅದು. ಹನ್ನೆರಡನೇ ಜಂಪ್‌ಗೆ ನಾನು ಜಡ್ಜ್. ಜಂಪ್ ಜಡ್ಜ್ ಎಂದರೆ ದೊಡ್ಡ ಹುದ್ದೆಯೇನಲ್ಲ. ಒಂದು ಮಡಚುವ ಕುರ್ಚಿ, ರೇಡಿಯೊ, ಸೀಟಿ, ಸ್ಟಾಪ್‌ವಾಚ್, ಸವಾರರನ್ನು ನಿಲ್ಲಿಸಬೇಕಾದರೆ ಬೀಸಲು ಒಂದು ಕೆಂಪು ಬಾವುಟ, ಮಧ್ಯಾಹ್ನಕ್ಕೆ ಊಟದ ಪೊಟ್ಟಣ. ಎದೆಯ ಮೇಲಿನ ಅಂಕಿ ನೋಡಿ ಬರೆಯುವುದೇ ಕೆಲಸ. ದಾಟಿದರೆ ಕ್ಲಿಯರ್. ಕುದುರೆ ಮೊದಲ ಸಲ ನಿರಾಕರಿಸಿದರೆ 20 ಪೆನಾಲ್ಟಿ ಅಂಕ, ಅದೇ ಜಂಪ್‌ನಲ್ಲಿ ಎರಡನೇ ಸಲ 40, ಮೂರನೇ ಸಲಕ್ಕೆ ಮನೆಗೆ. ಎದೆಯ ಮೇಲೆ 214 ಇತ್ತು; ಅದನ್ನೇ ಬರೆದದ್ದು. ಕೆಳಗಿದ್ದ ಕುದುರೆ ಮಾತ್ರ 214 ಅಲ್ಲ.

ಈವೆಂಟಿಂಗ್‌ನಲ್ಲಿ ಅಂಕಿ ಸವಾರರದ್ದಲ್ಲ, ಕುದುರೆ ಮತ್ತು ಸವಾರರ ಜೋಡಿಯದ್ದು. ನಾನು 214 ಎಂದು ಬರೆದ ಸವಾರಿಣಿಗೆ ಆ ದಿನ ಮೂರು ಕುದುರೆ, ಮೂರು ಅಂಕಿ: 100 ಸೆಂಟಿಮೀಟರ್ ದರ್ಜೆಯಲ್ಲಿ ಎಳೆಯ ಬೂದು ಕುದುರೆ 47, ಅದಕ್ಕಿಂತ ಮೇಲಿನ ನೊವೀಸ್ ದರ್ಜೆಯಲ್ಲಿ ಕೆಂಪು ಗಂಡು 214, ನೊವೀಸ್‌ನದೇ ಇನ್ನೊಂದು ವಿಭಾಗದಲ್ಲಿ ಕಂದು ಹೆಣ್ಣು 231. ಒಂದು ದಿನದ ಸ್ಪರ್ಧೆಯಲ್ಲಿ ಮೊದಲು ಶಿಸ್ತಿನ ನಡೆಗೆ ಅಂಕ ಕೊಡುವ ಡ್ರೆಸಾಜ್, ಆಮೇಲೆ ತಾಗಿದರೆ ಬೀಳುವ ಕೋಲುಗಳ ಶೋ ಜಂಪಿಂಗ್, ಕೊನೆಗೆ ಬಯಲಿನ ಗಟ್ಟಿ ಜಂಪ್‌ಗಳ ಕ್ರಾಸ್ ಕಂಟ್ರಿ. ಮೂರು ಕುದುರೆಗೆ ಒಂಬತ್ತು ಪ್ರವೇಶ, ಒಂಬತ್ತು ವಾರ್ಮ್-ಅಪ್. ಬೆಳಿಗ್ಗೆ ಎಂಟೂವರೆಯಿಂದ ಸಂಜೆ ನಾಲ್ಕರವರೆಗೆ ನೆಲಕ್ಕೆ ಕಾಲೂರುವುದೇ ಒಂದು ಜೀನಿನಿಂದ ಇನ್ನೊಂದಕ್ಕೆ ಹೋಗುವಾಗ. ಎರಡು ದೋಣಿಯ ಗಾದೆ ಕಟ್ಟಿದವರು ಮೂರು ಕುದುರೆ ನೋಡಿರಲಿಕ್ಕಿಲ್ಲ.

ಕೆಂಪು ಗಂಡು ಏಳನೇ ಜಂಪ್‌ನಲ್ಲಿ, ನೀರಿಗಿಳಿಯುವ ಜಾಗದಲ್ಲಿ, ಮುಗ್ಗರಿಸಿತು. ಆಕೆ ನೀರಿಗೆ ಬಿದ್ದರು. ಕ್ರಾಸ್ ಕಂಟ್ರಿಯಲ್ಲಿ ಸವಾರರು ಬಿದ್ದರೆ ಆ ಕುದುರೆಯ ಸ್ಪರ್ಧೆ ಅಲ್ಲಿಗೆ ಮುಗಿಯಿತು, ಎದ್ದು ಮತ್ತೆ ಹತ್ತುವಂತಿಲ್ಲ. ಮುಂದಿನ ಕುದುರೆ ಹತ್ತುವ ಮೊದಲು ವೈದ್ಯರು ನೋಡಿ ಒಪ್ಪಬೇಕು. ವೈದ್ಯರು ತಲೆ, ಕುತ್ತಿಗೆ, ಕಣ್ಣು ನೋಡಿದರಂತೆ. ಇದು ಯಾವ ಜಾಗ, ಎಷ್ಟನೇ ಜಂಪ್, ಮುಂದಿನ ಕುದುರೆ ಯಾವುದು ಎಂದೆಲ್ಲ ಕೇಳಿದರಂತೆ. "231" ಎಂದು ಆಕೆ ತಡವರಿಸದೆ ಹೇಳಿದರಂತೆ. ಬಾಯಲ್ಲಿ ಸರಿಯಾದ ಅಂಕಿ, ಎದೆಯ ಮೇಲೆ ಹಳೆಯದು. ಅಲ್ಲಿದ್ದವರು ಯಾರೂ ಎದೆ ನೋಡಲಿಲ್ಲ.

ಇದು ಮರೆಗುಳಿತನ ಅನ್ನುವವರು ಕೆಲಸದ ಸರಪಳಿ ಎಲ್ಲಿ ಕಡಿಯಿತೆಂದು ನೋಡಬೇಕು. ಅಂಕಿ ತೋರಿಸುವ ಮೇಲಂಗಿ, ಬಿಬ್, ಒಂದೇ. ಅದರ ಎದೆ, ಬೆನ್ನಿನ ಪ್ಲಾಸ್ಟಿಕ್ ಕಿಸೆಯೊಳಗೆ ಅಂಕಿಯ ಹಾಳೆ ತೂರಿಸುವುದು. ಹಾಳೆ ಬದಲಿಸುವುದು ಕುದುರೆ ನೋಡಿಕೊಳ್ಳುವ ಗ್ರೂಮ್ ಹುಡುಗಿಯ ಕೆಲಸ; ಪ್ರತಿ ಸಲ ಕುದುರೆ ಒಪ್ಪಿಸುವಾಗಲೇ ಹಾಳೆಯನ್ನೂ ಬದಲಿಸುತ್ತಿದ್ದಳು. ಆದರೆ ಸವಾರರಿಲ್ಲದ ಕೆಂಪು ಗಂಡು ಮೈದಾನ ದಾಟಿ ಓಡಿತು. ಹುಡುಗಿ ಹಿಡಿಯಲು ಓಡಿದಳು, ಪಶುವೈದ್ಯರ ಮುಂದೆ ನಿಲ್ಲಿಸಿದಳು, ನಡೆಸಿ ತೋರಿಸಿದಳು, ಕಾಲಿಗೆ ತಣ್ಣೀರು ಸುರಿದಳು. ಕಂದು ಕುದುರೆಯನ್ನು ತಂದುಕೊಟ್ಟದ್ದು ಪಕ್ಕದ ಲಾರಿಯವರು. ಅವರಿಗೆ ಹಾಳೆಯ ವಿಷಯ ಗೊತ್ತಿರಲಿಲ್ಲ. ಇನ್ನು ಆಕೆಯ ಗಮನವೆಲ್ಲ ಏರ್ ವೆಸ್ಟ್ ಎಂಬ ರಕ್ಷಾಕವಚದ ಮೇಲೆ. ಬಿದ್ದಾಗ ಜೀನಿಗೆ ಕಟ್ಟಿದ ದಾರ ಎಳೆದು ಅನಿಲದ ಸಿಲಿಂಡರ್ ಖಾಲಿಯಾಗಿ ವೆಸ್ಟ್ ಉಬ್ಬಿರುತ್ತದೆ. ಗಾಳಿ ಬಿಟ್ಟು, ಮಡಚಿ, ಹೊಸ ಸಿಲಿಂಡರ್ ತಿರುಗಿಸಿ ಕೂರಿಸಬೇಕು. ಅದೆಲ್ಲ ಮುಗಿಸಿ ಪಕ್ಕದಲ್ಲಿ ಬಿದ್ದಿದ್ದ ಬಿಬ್ ಎತ್ತಿ ಹಾಕಿಕೊಂಡರು.

ನಗು ಬಂದದ್ದು ನಿಜ. ಕಂಟ್ರೋಲ್‌ನಿಂದ "ಕುದುರೆ ಯಾವ ಬಣ್ಣ?" ಎಂಬ ಪ್ರಶ್ನೆ ಬಂತು. "ಕಂದು, ಹಣೆಯಲ್ಲಿ ನಕ್ಷತ್ರ" ಎಂದ ಮೇಲೆ ಅಂಕ 231ರ ಸಾಲಿಗೆ ಹೋಯಿತು. ಆದರೆ ಆ ಕಂದು ಹೆಣ್ಣು ನನ್ನ ಮುಂದಿನ ಚರಂಡಿಯಲ್ಲಿ ಬಿದ್ದಿದ್ದರೆ? "214, ಕುದುರೆ ಬಿದ್ದಿದೆ" ಎಂದೇ ರೇಡಿಯೊದಲ್ಲಿ ಹೇಳುತ್ತಿದ್ದೆ. ಲಾರಿಯಲ್ಲಿ ಹುಲ್ಲು ಮೆಲ್ಲುತ್ತಿದ್ದ ಕುದುರೆಯ ಮಾಲೀಕರಿಗೆ ಫೋನ್ ಹೋಗುತ್ತಿತ್ತು.

ಆ ಮಾಲೀಕರ ಬಗ್ಗೆ ಹೇಳದೆ ಇರಲಾಗುತ್ತಿಲ್ಲ. ಆಕೆ ಒದ್ದೆ ಬ್ರೀಚಸ್‌ನಲ್ಲಿ ವೈದ್ಯರ ಗಾಡಿಯಿಂದ ಇಳಿಯುತ್ತಿದ್ದಂತೆ, ನೀರಿನ ಹತ್ತಿರ ವೇಗ ಜಾಸ್ತಿಯಾಯಿತು ಎಂದು ಪಾಠ ಹೇಳಲು ಶುರು ಮಾಡಿದರಂತೆ ಮಹಾಶಯರು. ವೇಗ ಜಾಸ್ತಿಯಾಗಿದ್ದಿರಬಹುದು. ಹೇಳಲು ಸಂಜೆಯವರೆಗೆ ಸಮಯವಿತ್ತು. ನನ್ನ ಬೆನ್ನ ಹಿಂದೆ ನಾಯಿ ಹಿಡಿದು ನಿಂತಿದ್ದ ದಂಪತಿಯದು ಇನ್ನೊಂದು ಬಗೆ: "ಪಾಪ. ಹೋಗಲಿ, ಇನ್ನೂ ಎರಡಿವೆಯಲ್ಲ."

ಇನ್ನೂ ಎರಡಿವೆಯಲ್ಲ. ಲಾಟರಿ ಚೀಟಿಯಾಗಿದ್ದರೆ ಸರಿ. ಇಲ್ಲಿ ಒಂದು ಕುದುರೆಯ ಲಾಭ ಇನ್ನೊಂದರ ನಷ್ಟಕ್ಕೆ ಜಮೆಯಾಗುವುದಿಲ್ಲ. ಕೆಂಪು ಗಂಡು ಡ್ರೆಸಾಜ್‌ನಲ್ಲಿ 72 ಶೇಕಡಾ ಪಡೆದಿತ್ತು. ನೂರರಿಂದ ಕಳೆದರೆ 28 ಪೆನಾಲ್ಟಿ; ಇದು ಕಡಿಮೆಯಿದ್ದಷ್ಟೂ ಒಳ್ಳೆಯದು. ಶೋ ಜಂಪಿಂಗ್‌ನಲ್ಲಿ ಒಂದು ಕೋಲೂ ಬೀಳಿಸಲಿಲ್ಲ. ಬಿದ್ದಿದ್ದರೆ ಕೋಲಿಗೆ 4. ಅಂಥ ಅಂಕವಿದ್ದದ್ದು ನೀರಿಗೆ ಹೋಯಿತು, ಅಕ್ಷರಶಃ. ಉಳಿದ ಎರಡು ಎಷ್ಟೇ ಚೆನ್ನಾಗಿ ಓಡಲಿ, ಆ ಮಾಲೀಕರಿಗೆ ಅದರಿಂದ ಏನೂ ಇಲ್ಲ. ನಷ್ಟ ಸೋರಿ ಬರುವ ದಾರಿಗಳು ಮಾತ್ರ ಇವೆ.

ಸಮಯವನ್ನೇ ನೋಡಿ. 100 ಸೆಂಟಿಮೀಟರ್ ದರ್ಜೆಗೆ ನಿಗದಿಯಾದ ವೇಗ ನಿಮಿಷಕ್ಕೆ 475 ಮೀಟರ್, ನೊವೀಸ್‌ನದು 520. ಹಿಂದಿನ ದಿನ ಅಳತೆಯ ಚಕ್ರ ತಳ್ಳುತ್ತ ದಾರಿ ನಡೆದು, ಪ್ರತಿ ನಿಮಿಷಕ್ಕೆ ಎಲ್ಲಿರಬೇಕೆಂದು ಒಂದು ಮರವನ್ನೋ ಗೇಟನ್ನೋ ಗುರುತು ಮಾಡಿಕೊಳ್ಳುತ್ತಾರೆ. ಮೂರನೇ ನಿಮಿಷದ ಗುರುತು ಬೂದು ಕುದುರೆಗೆ 1,425 ಮೀಟರಿನಲ್ಲಿ, ನೊವೀಸ್ ಕುದುರೆಗಳಿಗೆ 1,560ರಲ್ಲಿ. ಬೆಳಗಿನ ಗುರುತು ತಲೆಯಲ್ಲುಳಿದು ಮಧ್ಯಾಹ್ನವೂ ಅಲ್ಲೇ ಗಡಿಯಾರ ನೋಡಿ ಸಮಾಧಾನಪಟ್ಟರೆ 135 ಮೀಟರ್ ಹಿಂದೆ ಬಿದ್ದಂತೆ, ಅಂದರೆ ಸುಮಾರು ಹದಿನೈದೂವರೆ ಸೆಕೆಂಡು. ತಡವಾದ ಒಂದೊಂದು ಸೆಕೆಂಡಿಗೆ 0.4ರಂತೆ ಸುಮಾರು 6 ಪೆನಾಲ್ಟಿ. ಒಂದೂವರೆ ಕೋಲು ಬೀಳಿಸಿದಷ್ಟು.

ಕೈಯದ್ದು ಇನ್ನೂ ಸೂಕ್ಷ್ಮ. ಕೆಂಪು ಗಂಡು ಸೋಮಾರಿ, ಹೆಜ್ಜೆಹೆಜ್ಜೆಗೂ ಕಾಲಿನಿಂದ ಒತ್ತಬೇಕು. ಕಂದು ಹೆಣ್ಣು ಕಡಿವಾಣ ಕಚ್ಚಿ ಎಳೆಯುವ ಜಾತಿ. ಅದರ ಮೇಲೆ ಕೂತು ಹಾಗೆ ಒತ್ತಿದರೆ ಜಂಪ್‌ನ ಬುಡಕ್ಕೆ ಹೋಗಿ ನಿಲ್ಲುತ್ತದೆ. ಹಿಂದಿನ ಕುದುರೆಯನ್ನು ಮೈಯಿಂದ ಇಳಿಸುವುದಕ್ಕೆ ಸಿಗುವುದು ವಾರ್ಮ್-ಅಪ್‌ನ ಹದಿನೈದು ನಿಮಿಷ, ಏಳೆಂಟು ಜಂಪ್. ಬಿದ್ದು ವೈದ್ಯರ ಬಳಿ ಅರ್ಧ ಗಂಟೆ ಕಳೆದಾಗ ಅದೂ ಖೋತಾ.

ಈ ಲೆಕ್ಕ ತೀರಾ ನಮ್ಮದೂ ಹೌದು. ಬೆಂಗಳೂರಿನ ಫವಾದ್ ಮಿರ್ಜಾ 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಸೀನ್ಯೂರ್ ಮೆಡಿಕಾಟ್ ಮೇಲೆ ವೈಯಕ್ತಿಕ ಬೆಳ್ಳಿ ಗೆದ್ದರು, ತಂಡಕ್ಕೂ ಬೆಳ್ಳಿ ಬಂತು. ಆಮೇಲೆ ಆ ಕುದುರೆ ಗಾಯಗೊಂಡು ಕೂತಿತು. ಒಲಿಂಪಿಕ್ಸ್ ಸ್ಥಾನಕ್ಕೆ ಬೇಕಿದ್ದ ಅಂಕಗಳನ್ನು 2019ರಲ್ಲಿ ತಂದುಕೊಟ್ಟದ್ದು ಫರ್ನ್‌ಹಿಲ್ ಫೇಸ್‌ಟೈಮ್ ಮತ್ತು ಟಚಿಂಗ್‌ವುಡ್. ಟೋಕಿಯೊಗೆ ಮೊದಲು ಹೆಸರಾದದ್ದು ದಜಾರಾ 4. ಕೊನೆಗೆ ಹೋದದ್ದು ಚೇತರಿಸಿಕೊಂಡ ಸೀನ್ಯೂರ್. ಒಂದು ಸ್ಥಾನಕ್ಕೆ ನಾಲ್ಕು ಕುದುರೆ ದುಡಿದವು. ಡ್ರೆಸಾಜ್‌ನಲ್ಲಿ 28.00, ಕ್ರಾಸ್ ಕಂಟ್ರಿಯಲ್ಲಿ ತಡಕ್ಕೆ 11.20 ಸೇರಿ 39.20, ಜಂಪಿಂಗ್‌ನ ಎರಡು ಸುತ್ತು ಮುಗಿದಾಗ 59.60, 23ನೇ ಸ್ಥಾನ. ಆ 23ನ್ನು ನೋಡುವಾಗ ಟೋಕಿಯೊ ಕಾಣದ ಮೂರು ಕುದುರೆಗಳೇ ನನಗೆ ಕಾಣುತ್ತವೆ. ಪಟ್ಟಿಯಲ್ಲಿ ಅವುಗಳಿಗೆ ಸಾಲಿಲ್ಲ.

ಗ್ರೂಮ್‌ಗಳಿಗೂ ಇಲ್ಲ. ಶನಿವಾರದ ಆ ಹುಡುಗಿ ಹಿಂದಿನ ರಾತ್ರಿ ಕಾಲು ಜಾರದಂತೆ ಲಾಳಕ್ಕೆ ಕೂರಿಸುವ ಸ್ಟಡ್‌ಗಳ ಇಪ್ಪತ್ತನಾಲ್ಕು ತೂತು ಶುಚಿ ಮಾಡಿರಬೇಕು: ಲಾಳಕ್ಕೆ ಎರಡು, ಕುದುರೆಗೆ ಎಂಟು. ಮೊಳೆಯಿಂದ ಮಣ್ಣು ಕೆದಕಿ, ಟ್ಯಾಪ್ ಎಂಬ ಉಪಕರಣ ತಿರುಗಿಸಿ ತೂತಿನೊಳಗಿನ ತಿರುಪಿನ ಗೆರೆ ಬಿಡಿಸಿ, ಎಣ್ಣೆಯಲ್ಲದ್ದಿದ ಹತ್ತಿ ತುರುಕಿಡಬೇಕು. ಬೆಳಿಗ್ಗೆ ನೆಲ ನೋಡಿ ಸ್ಟಡ್ ಆಯ್ಕೆ: ಗಟ್ಟಿ ನೆಲಕ್ಕೆ ಸಣ್ಣ ಚೂಪು, ಕೆಸರಿಗೆ ದಪ್ಪ. ಗೊರಸಿನ ಒಳಬದಿಗೆ ಯಾವಾಗಲೂ ಸಣ್ಣದೇ, ಇಲ್ಲದಿದ್ದರೆ ತನ್ನ ಕಾಲನ್ನು ತಾನೇ ತುಳಿದು ಗಾಯ ಮಾಡಿಕೊಳ್ಳುತ್ತದೆ. ಓಟ ಮುಗಿದ ಮೇಲೆ ಮೈತುಂಬ ತಣ್ಣೀರು, ನಡಿಗೆ, ಉಸಿರು ಇಳಿಯುವವರೆಗೆ ಮತ್ತೆ ನೀರು. ಲಾರಿ ಹತ್ತಿಸುವ ಮೊದಲು ಸ್ಟಡ್ ಬಿಚ್ಚಬೇಕು. ಇದರ ಮಧ್ಯೆ ಒಂದು ಹಾಳೆ ಬದಲಾಗಲಿಲ್ಲ.

ಸಂಜೆ ಚಾರ್ಟ್ ಒಪ್ಪಿಸಿ ವಾಪಸು ಬರುವಾಗ ಅವರ ಲಾರಿ ದಾರಿಯಲ್ಲೇ ಇತ್ತು. 231 ಎಂಟು ಸೆಕೆಂಡು ತಡವಾಗಿ ಗುರಿ ಮುಟ್ಟಿ, 3.2 ಸೇರಿಸಿಕೊಂಡು ಆರನೆಯದಾಗಿತ್ತು. ಆಕೆ ರ‍್ಯಾಂಪ್ ಮೇಲೆ ಕೂತು ಚಹಾ ಕುಡಿಯುತ್ತಿದ್ದರು, ಎಡಮೊಣಕೈ ಬಾತಿತ್ತು. "ಹನ್ನೆರಡನೇ ಜಂಪ್‌ನಲ್ಲಿ ಕೂತಿದ್ದು ನೀವೇನಾ? ನಾನು ಯಾರು ಅಂತ ಗೊತ್ತಾಗಲಿಲ್ಲವಂತೆ" ಎಂದು ನಕ್ಕರು. ಹುಡುಗಿ ನಗಲಿಲ್ಲ. ಮೂರು ಕಡಿವಾಣಗಳನ್ನು ಕೊಕ್ಕೆಗೆ ನೇತುಹಾಕಿ, ಒಂದೊಂದರ ತಲೆಪಟ್ಟಿಗೂ ಬಿಳಿ ಟೇಪ್ ಸುತ್ತಿ ಅದರ ಮೇಲೆ ಕುದುರೆಯ ಹೆಸರು ಬರೆಯುತ್ತಿದ್ದಳು. ಇನ್ನೆರಡು ಬಿಬ್ ತರಿಸಬೇಕು, ಬಿಬ್ ಇನ್ನು ಕಡಿವಾಣದ ಜೊತೆಗೇ ಎಂದಳು, ತಲೆ ಎತ್ತದೆ. ಒಳಗೆ ಕೆಂಪು ಗಂಡು ಕಾಲಿಗೆ ಬ್ಯಾಂಡೇಜ್ ಸುತ್ತಿಸಿಕೊಂಡು ಹುಲ್ಲಿನ ಬಲೆ ಎಳೆಯುತ್ತಿತ್ತು.