ದುಡ್ಡು ಕೊಟ್ಟರೆ ಆಗೋ ಕೆಲಸಕ್ಕೆ ನೀವ್ಯಾಕೆ ಹೋಗ್ತೀರಿ?

ಭಾನುವಾರ ಬೆಳಿಗ್ಗೆ ಸ್ಕೂಟರ್ ಮುಂದೆ ಡ್ರಿಲ್ ಮಷಿನ್ ಚೀಲ ಇಟ್ಟುಕೊಂಡು, ಯಾರದೋ ಮನೆಯ ಸಣ್ಣ ರಿಪೇರಿಯನ್ನು ದುಡ್ಡು ತೆಗೆದುಕೊಳ್ಳದೆ ಮಾಡಿಕೊಡೋಕೆ ಹೊರಟರೆ ಸಾಕು, ಬೀದಿಯಲ್ಲಿ ಯಾರಾದರೂ ಕೇಳುತ್ತಾರೆ. "ಅಲ್ಲ ಸಾರ್, ಐನೂರು ರೂಪಾಯಿ ಕೊಟ್ರೆ ಪ್ಲಂಬರ್ ಬಂದು ಮಾಡಿ ಹೋಗ್ತಾನೆ. ಅದಕ್ಕೆ ನೀವ್ಯಾಕೆ ಹೋಗ್ತೀರಿ?" ಮನೆಯಲ್ಲೂ ಇದೇ ಪ್ರಶ್ನೆ. ಖಾರ ಸ್ವಲ್ಪ ಜಾಸ್ತಿ, ಅಷ್ಟೇ. ನಮ್ಮ ಅಡುಗೆಮನೆ ನಲ್ಲಿ ಇನ್ನೂ ತೊಟ್ಟಿಕ್ಕುತ್ತಿದೆ.

ನನ್ನ ಉತ್ತರ: ಪ್ಲಂಬರ್ ಬರೋದಿಲ್ಲ.

ಬರುತ್ತೇನೆ ಅಂತಾನೆ, ಬರೋದಿಲ್ಲ. ಅವನದ್ದೇನೂ ತಪ್ಪಿಲ್ಲ. ಐದಾರು ರೂಪಾಯಿಯ ವಾಷರ್ ಹಾಕೋಕೆ ಊರಿನ ಆ ತುದಿಯಿಂದ ಬಂದರೆ ಅವನ ಅರ್ಧ ದಿನ ಹೋಯಿತು. ಹೊಸ ಮನೆಗೆ ಪೈಪ್ ಎಳೆಯೋ ಕೆಲಸ ಬಿಟ್ಟು ಯಾರು ಬರ್ತಾರೆ? ದೊಡ್ಡ ಕೆಲಸಕ್ಕೆ ಆಳು ಸಿಗುತ್ತಾರೆ. ಚಿಲಕ ಕೂರದಿರೋದು, ಬಲ್ಬ್ ಬದಲಿಸೋದು, ಬಾಗಿಲು ನೆಲಕ್ಕೆ ಉಜ್ಜೋದು, ಇವಕ್ಕೆ ಸಿಗೋದಿಲ್ಲ.

ನಾವು ಮೈಸೂರಿನಲ್ಲಿ ಆರು ಜನ ಇದ್ದೇವೆ. ಹೆಸರು, ಬ್ಯಾನರ್ ಏನೂ ಇಲ್ಲ. ನಾನು ಕಾರ್ಖಾನೆಯ ಮೇಂಟೆನೆನ್ಸ್‌ನಲ್ಲಿ ಇದ್ದು ನಿವೃತ್ತನಾದವನು. ಇಬ್ಬರು ಕಾಲೇಜು ಹುಡುಗರು ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಗಂಟೆ ಲೆಕ್ಕಕ್ಕೆ ಬಂದವರು. ವರ್ಷಕ್ಕೆ 120 ಗಂಟೆ, ಎರಡು ವರ್ಷಕ್ಕೆ 240. ಲೆಕ್ಕ ಮುಗಿದ ಮೇಲೆ ಒಬ್ಬ ಬರೋದು ನಿಲ್ಲಿಸಿಬಿಟ್ಟ. ಇನ್ನೊಬ್ಬ ಯಾಕೋ ಇನ್ನೂ ಬರುತ್ತಿದ್ದಾನೆ.

ಸರಸ್ವತಿಪುರಂನಲ್ಲಿ ಒಬ್ಬರು ಅಜ್ಜಿ. ಮಗ ಹೊರದೇಶದಲ್ಲಿ. ಬಚ್ಚಲ ನಲ್ಲಿ ಎಂಟು ತಿಂಗಳಿಂದ ಸೋರುತ್ತಿತ್ತು. ರಾತ್ರಿ ಟಪ್ ಟಪ್ ಸದ್ದಿಗೆ ನಿದ್ದೆ ಬರಲ್ಲ ಅಂತ ನಲ್ಲಿಗೆ ಹಳೇ ಪಂಚೆಯ ಚೂರು ಕಟ್ಟಿ ಬಕೆಟ್‌ಗೆ ಇಳಿಬಿಟ್ಟಿದ್ದರು. ನೀರು ಬಟ್ಟೆಗುಂಟ ಸದ್ದಿಲ್ಲದೆ ಇಳಿಯುತ್ತಿತ್ತು. ಸೆಕೆಂಡಿಗೆ ಒಂದು ಹನಿ ಅಂದರೂ ದಿನಕ್ಕೆ 86,400 ಹನಿ, ಹತ್ತಿರ ಹತ್ತಿರ 20 ಲೀಟರ್. ಅಷ್ಟನ್ನೂ ದಿನಾ ಎತ್ತಿ ಗಿಡಕ್ಕೆ ಹಾಕುತ್ತಿದ್ದರು, ಎಪ್ಪತ್ತೆಂಟನೇ ವಯಸ್ಸಿನಲ್ಲಿ. ಮಗನಿಗೆ ಹೇಳಬಾರದಿತ್ತಾ ಅಂದೆ. "ಹೇಳಿದ್ರೆ ಅಲ್ಲಿಂದಲೇ ಫೋನಲ್ಲಿ ಯಾರನ್ನೋ ಬುಕ್ ಮಾಡಿ ಕಳಿಸ್ತಾನಪ್ಪ. ಗುರುತಿಲ್ಲದೋರನ್ನ ಒಬ್ಬಳೇ ಇರೋವಾಗ ಒಳಗೆ ಹೇಗೆ ಬಿಟ್ಕೊಳ್ಳಲಿ?" ಅಂದರು.

ನಾನು ಈ ಭಯದ ಬಗ್ಗೆ ಯೋಚನೆಯನ್ನೇ ಮಾಡಿರಲಿಲ್ಲ. ಈಗ ಎಷ್ಟೋ ಮನೆಗೆ ನಾವು ಸ್ಪ್ಯಾನರ್ ಹಿಡಿದು ಹೋಗೋದೇ ಇಲ್ಲ. ವೈರಿಂಗ್ ಪೂರ್ತಿ ಬದಲಿಸೋದು, ಸುಣ್ಣಬಣ್ಣ, ಇಂಥವನ್ನು ನಾವು ಮುಟ್ಟೋದಿಲ್ಲ. ಅದು ಇನ್ನೊಬ್ಬರ ಅನ್ನ. ಕೆಲಸದವರು ಬಂದು ಮುಗಿಸುವ ತನಕ ಅಲ್ಲಿ ಕುರ್ಚಿ ಹಾಕಿಕೊಂಡು ಕೂತಿರುತ್ತೇವೆ. ಅದೂ ಒಂದು ಕೆಲಸವೇ.

ಇನ್ನೊಂದು ಮನೆಯಲ್ಲಿ ವೀಲ್‌ಚೇರಿಗೆ ಇಳಿಜಾರು ಬೇಕಿತ್ತು. ಬಾಗಿಲ ಮುಂದೆ ಎರಡೇ ಮೆಟ್ಟಿಲು, 14 ಇಂಚು ಎತ್ತರ. ಮನೆಯವರು ಆಗಲೇ ಮೇಸ್ತ್ರಿ ಕೈಲಿ ಒಂದು ಮಾಡಿಸಿದ್ದರು, ಸ್ಕೂಟರ್ ಹತ್ತಿಸೋಕೆ ಮಾಡ್ತಾರಲ್ಲ, ಆ ತರಹ ಕಡಿದಾಗಿ. ಹತ್ತಬೇಕೆಂದರೆ ಹಿಂದಿನಿಂದ ಇಬ್ಬರು ತಳ್ಳಬೇಕು. ಇಳಿಯೋವಾಗ ದೇವರೇ ಗತಿ. ಇದಕ್ಕೊಂದು ಅಳತೆ ಇದೆ: ಒಂದು ಇಂಚು ಎತ್ತರಕ್ಕೆ ಒಂದು ಅಡಿ ಉದ್ದ. ಅಂದರೆ 14 ಅಡಿ ಬೇಕು. ಅಂಗಳದಲ್ಲಿ ಇದ್ದದ್ದು ಒಂಬತ್ತು. ಎರಡು ಭಾನುವಾರ ಬರೀ ಟೇಪ್ ಹಿಡಿದು ನಿಂತಿದ್ದೆವು. ಕೊನೆಗೆ ಗೋಡೆಯ ಪಕ್ಕಕ್ಕೆ ತಿರುಗಿಸಿ, ತಿರುವಿನಲ್ಲಿ ಕುರ್ಚಿ ನಿಲ್ಲುವಷ್ಟು ಸಮತಟ್ಟು ಜಾಗ ಬಿಟ್ಟು ಕಟ್ಟಿದೆವು. ಒಂದು ದಾಸವಾಳದ ಗಿಡ ಹೋಯಿತು. ಮನೆಯ ಯಜಮಾನರು ತಾವೇ ಚಕ್ರ ತಿರುಗಿಸಿಕೊಂಡು ಗೇಟ್ ತನಕ ಬಂದರು. ಪೇಪರ್ ಎತ್ತಿಕೊಂಡು ನಮ್ಮ ಕಡೆ ನೋಡದೆ ಒಳಗೆ ಹೋದರು. ನನಗೆ ಅದೇ ಖುಷಿ.

ಎಡವಟ್ಟೂ ಆಗಿದೆ. ಒಂದು ಬಚ್ಚಲಲ್ಲಿ ಹಿಡಿದುಕೊಳ್ಳೋ ಕಂಬಿ ಹಾಕೋಕೆ ಹೋಗಿ ಗೋಡೆಯೊಳಗಿನ ಪೈಪಿಗೇ ತೂತು ಕೊರೆದೆ. ನೀರು ಮುಖಕ್ಕೆ ಚಿಮ್ಮಿತು. ನಲ್ಲಿಯ ನೇರ ಮೇಲೆ, ನೇರ ಕೆಳಗೆ ಕೊರೆಯಬಾರದು, ಪೈಪ್ ಅಲ್ಲೇ ಇರೋದು ಜಾಸ್ತಿ. ಮೂವತ್ತು ವರ್ಷ ಇದೇ ಕೆಲಸ ಮಾಡಿದವನಿಗೆ ಇದು ಗೊತ್ತಿರಬೇಕಿತ್ತು. ಟೈಲ್ಸ್ ಒಡೆದು ಪೈಪ್ ಬದಲಿಸೋಕೆ ಪ್ಲಂಬರ್‌ಗೆ ಫೋನ್ ಮಾಡಿದೆ. ಅರ್ಧ ಗಂಟೆಯಲ್ಲಿ ಬಂದ. ದೊಡ್ಡ ಕೆಲಸ ಅಲ್ವಾ!

ದುಡ್ಡು ಕೊಡೋದರ ಬಗ್ಗೆ ಇನ್ನೊಂದು ಮಾತು. ನಾವು ಹೋಗುವ ಒಂದು ವೃದ್ಧಾಶ್ರಮದ ಹಾಲ್‌ನಲ್ಲಿ ಎಂಟು ಫ್ಯಾನ್. ಒಂದೊಂದರ ರೆಕ್ಕೆ ಮೇಲೂ ಕೊಟ್ಟವರ ಹೆಸರು, ಕೆಳಗೆ 'ಸೇವಾರ್ಥ'. ಐದು ಫ್ಯಾನ್ ಎಷ್ಟು ನಿಧಾನ ತಿರುಗುತ್ತಿದ್ದವು ಅಂದರೆ ಕೂತಲ್ಲಿಂದಲೇ ಎಲ್ಲ ಹೆಸರೂ ಓದಬಹುದಿತ್ತು. ಒಳಗಿನ ಕೆಪಾಸಿಟರ್ ಸೊರಗಿತ್ತು, 2.5 ಮೈಕ್ರೋಫ್ಯಾರಡ್‌ನ ಒಂದು ಸಣ್ಣ ಡಬ್ಬಿ. ಏಣಿ ಹತ್ತಿ ಐದೂ ಬದಲಿಸೋಕೆ ಒಂದು ಬೆಳಿಗ್ಗೆ ಸಾಕಾಯಿತು. ಹೊಸ ಫ್ಯಾನ್ ಕೊಡಿಸೋಕೆ ಜನ ಸಾಲುಗಟ್ಟಿ ಬರುತ್ತಾರೆ. ಕೆಪಾಸಿಟರ್ ಮೇಲೆ ಹೆಸರು ಬರೆಸೋಕೆ ಜಾಗ ಇಲ್ಲ.

ನಮ್ಮ ಹಳ್ಳಿಯಲ್ಲಿ ನಾಟಿಗೆ, ಕುಯಿಲಿಗೆ ಮುಯ್ಯಾಳು ಅಂತ ಇತ್ತು. ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಆಗ ಯಾಕೆ ಹೋಗ್ತೀರಿ ಅಂತ ಯಾರೂ ಕೇಳುತ್ತಿರಲಿಲ್ಲ. ಹೋಗದಿದ್ದರೆ ಕೇಳುತ್ತಿದ್ದರು. ಈ ಊರಿನಲ್ಲಿ ನನಗೆ ಗದ್ದೆ ಇಲ್ಲ, ಅಜ್ಜಿಗೂ ಇಲ್ಲ. ಆದರೂ ಅವರು ಮುಯ್ಯಿ ತೀರಿಸದೆ ಬಿಡುವ ಪೈಕಿ ಅಲ್ಲ. ಈಗ ಎಲ್ಲರ ಫೋನೂ ಅವರಿಗೇ ಹೋಗೋದು. ಹಳೇ ಡೈರಿಯಲ್ಲಿ ನಂಬರ್ ಹಾಕಿ ಕೆಲಸ ಬರೆದುಕೊಳ್ಳುತ್ತಾರೆ, ಶನಿವಾರ ಸಂಜೆ ನನಗೆ ಓದಿ ಹೇಳುತ್ತಾರೆ. ಸರದಿ ತಪ್ಪಿಸೋಕೆ ಯಾರಿಗೂ ಬಿಡೋದಿಲ್ಲ.

ಕಳೆದ ಶನಿವಾರ ಓದಿದರು: "ಒಂದು, ಕುವೆಂಪುನಗರ, ಚಿಲಕ. ಎರಡು, ಅಂಗನವಾಡಿ, ಕಿಟಕಿ ಜಾಲರಿ. ಮೂರು, ವೃದ್ಧಾಶ್ರಮ, ಮಂಚದ ಕಾಲು. ನಾಲ್ಕು, ಅಡುಗೆಮನೆ ನಲ್ಲಿ." ವಿಳಾಸ ಹೇಳಿ ಅಂದೆ. "ನಿಮ್ಮದೇ. ನಿಮ್ಮ ಹೆಂಡತಿ ಬರೆಸಿದ್ದಾರೆ" ಅಂದರು.