ಕೆಟ್ಟ ಕಾಲ್ ಆದಮೇಲೆ: ಅಗ್ನಿಶಾಮಕ ಠಾಣೆಯಲ್ಲೂ ಮನೆಯಲ್ಲೂ ಮಾಡಬೇಕಾದ್ದು

ಕೆಟ್ಟ ಕಾಲ್ ಎಂದರೆ ಹೋಗಿ ಬಂದವರ ಮನಸ್ಸಿಗೆ ಪೆಟ್ಟು ಕೊಡುವ ತುರ್ತು ಕರೆ. ಅಂಥದ್ದಾದ ಮೇಲೆ ಅಗ್ನಿಶಾಮಕ ಠಾಣೆಯಲ್ಲಿ ಸಿಬ್ಬಂದಿಯೇ ಒಬ್ಬರಿಗೊಬ್ಬರು ಆಸರೆಯಾಗುವ ಏರ್ಪಾಡು ಮಾಡಲು ಹೊರಟವರು ಮೊದಲು ತೀರ್ಮಾನಿಸಬೇಕಾದ್ದು ಆ ಕೆಲಸ ಯಾರಿಗೆ ಎಂಬುದನ್ನು. ರಜೆ ಮಂಜೂರು ಮಾಡುವವರು, ಡ್ಯೂಟಿ ಹಾಕುವವರು, ವರ್ಷದ ಕೊನೆಗೆ ವರದಿ ಬರೆಯುವವರು ಎಷ್ಟೇ ಒಳ್ಳೆಯವರಿದ್ದರೂ ಇದಕ್ಕೆ ಆಗುವುದಿಲ್ಲ. 'ಸರ್, ಮೂರು ದಿನದಿಂದ ನಿದ್ದೆ ಬರ್ತಿಲ್ಲ' ಎಂದು ಠಾಣಾಧಿಕಾರಿಗೆ ಹೇಳುವ ಮುಂಚೆ ಯಾರಾದರೂ ಲೆಕ್ಕ ಹಾಕುತ್ತಾರೆ. ನನ್ನನ್ನು ವಾಹನದಿಂದ ಇಳಿಸುತ್ತಾರಾ? ಬಡ್ತಿಗೆ ಅಡ್ಡಿಯಾಗುತ್ತಾ? ನಾಳೆ ರೋಲ್‌ಕಾಲ್ ಹೊತ್ತಿಗೆ ಊರಿಗೆಲ್ಲ ಗೊತ್ತಾಗುತ್ತಾ? ಲೆಕ್ಕ ಹಾಕಿದವರು ಬಾಯಿ ಬಿಡುವುದಿಲ್ಲ.

ಆಯ್ಕೆಗೆ ಸುಲಭದ ದಾರಿಯಿದೆ. ಠಾಣೆಯ ಎಲ್ಲರಿಗೂ ಒಂದೊಂದು ಚೀಟಿ ಕೊಡಿ. 'ನಿಮಗೆ ತುಂಬ ಕಷ್ಟವಾದರೆ ಇಲ್ಲಿ ಯಾರ ಹತ್ತಿರ ಹೇಳಿಕೊಳ್ಳುತ್ತೀರಿ?' ಎಂಬ ಪ್ರಶ್ನೆಗೆ ಮೂರು ಹೆಸರು ಬರೆಯಲಿ, ತಮ್ಮ ಹೆಸರು ಬರೆಯುವುದು ಬೇಡ. ಎಣಿಸಿದಾಗ ಎರಡು ಮೂರು ಹೆಸರು ತಾವಾಗಿಯೇ ಮೇಲೆ ಬರುತ್ತವೆ, ಅವು ಬಹಳ ಸಲ ಯಾರೂ ಊಹಿಸದ ಹೆಸರುಗಳು. ಚೆನ್ನಾಗಿ ಮಾತಾಡುವವರಿಗಿಂತ ಕೇಳಿದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವವರಿಗೇ ಜನ ಓಟು ಹಾಕುತ್ತಾರೆ. ಪ್ರತಿ ಪಾಳಿಗೆ ಒಬ್ಬರಾದರೂ ಇರಲಿ. ಇಡೀ ಠಾಣೆಗೆ ಒಬ್ಬರೇ ಇದ್ದರೆ ಅವರು ರಜೆ ಹೋದ ದಿನವೇ ಬೇಕಾಗುತ್ತದೆ. ಜೊತೆಗೆ ಎಲ್ಲರ ಭಾರವನ್ನೂ ಹೊತ್ತು ವರ್ಷದೊಳಗೆ ಅವರೇ ಕುಸಿಯುತ್ತಾರೆ.

ತರಬೇತಿ ದೊಡ್ಡದೇನಲ್ಲ. ಅಮೆರಿಕದ ಅಗ್ನಿಶಾಮಕರ ಸಂಘಟನೆ ಇದನ್ನು ಎರಡು ದಿನದಲ್ಲಿ ಕಲಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಹೊರತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿಯ ತಿರುಳು ಮೂರು ಕೆಲಸ: ನೋಡು, ಕೇಳು, ಜೋಡಿಸು. ಯಾರು ಹೇಗಿದ್ದಾರೆ ಎಂದು ನೋಡುವುದು, ಹೇಳಿದಷ್ಟನ್ನು ಕೇಳುವುದು, ಬೇಕಾದವರನ್ನು ಸರಿಯಾದ ಜಾಗಕ್ಕೆ ತಲುಪಿಸುವುದು. ಆಪ್ತ ಸಮಾಲೋಚನೆ ಇದರಲ್ಲಿ ಸೇರಿಲ್ಲ. ಸಲಹೆ ಕೊಡಲು ನಾಲಿಗೆ ತುರಿಸುವವರನ್ನು ತರಬೇತಿಯಲ್ಲೇ ಗುರುತಿಸಿ ಕೈಬಿಡುವುದು ಒಳ್ಳೆಯದು. ಗುಟ್ಟಿನ ನಿಯಮ ಮೊದಲ ದಿನವೇ ಎಲ್ಲರಿಗೂ ತಿಳಿದಿರಲಿ: ಹೇಳಿದ್ದು ಹೊರಗೆ ಹೋಗುವುದಿಲ್ಲ, ಪುಸ್ತಕದಲ್ಲಿ ಹೆಸರು ಬರೆದಿಡುವುದಿಲ್ಲ. ಆದರೆ ಹೇಳಿದವರ ಜೀವಕ್ಕೆ, ಬೇರೆಯವರ ಜೀವಕ್ಕೆ ಅಥವಾ ಮಗುವಿಗೆ ಅಪಾಯವಿದ್ದರೆ ಮಾತ್ರ ಗುಟ್ಟು ಉಳಿಯುವುದಿಲ್ಲ, ಅದನ್ನೂ ಮೊದಲೇ ಹೇಳಿಬಿಡಬೇಕು.

ಬೆಂಗಳೂರಿನಲ್ಲಿ ಕೆಟ್ಟ ಕಾಲ್ ಎಂದರೆ ಬೆಂಕಿಯೇ ಆಗಬೇಕಿಲ್ಲ. 2010ರ ಫೆಬ್ರುವರಿ 23ರಂದು ಹಳೇ ಏರ್‌ಪೋರ್ಟ್ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಒಂಬತ್ತು ಜನ ಸತ್ತರು, ಹೊಗೆ ತಾಳಲಾರದೆ ಜನ ಕಿಟಕಿಯಿಂದ ಹಾರಿದ್ದನ್ನು ಕೆಳಗಿದ್ದವರು ಕಂಡರು. 2023ರ ಅಕ್ಟೋಬರ್‌ನ ಅತ್ತಿಬೆಲೆ ಪಟಾಕಿ ಅಂಗಡಿಯ ದುರಂತವೂ ಊರಿಗೆಲ್ಲ ಗೊತ್ತು. ಇವು ಸುದ್ದಿಯಾದವು. ಕೆರೆಯಿಂದ ಹೆಣ ಎತ್ತುವುದು, ಹೊರವರ್ತುಲ ರಸ್ತೆಯಲ್ಲಿ ನಜ್ಜುಗುಜ್ಜಾದ ಕಾರನ್ನು ಕತ್ತರಿಸುವುದು, ಚಿಕ್ಕಪೇಟೆ, ನಗರ್ತಪೇಟೆಯ ಗಲ್ಲಿಗೆ ವಾಹನ ನುಗ್ಗದೆ ಹೋಸ್ ಹೊತ್ತು ಓಡುವಷ್ಟರಲ್ಲಿ ಒಳಗಿನ ಕೂಗು ನಿಂತುಹೋಗುವುದು, ಇವಕ್ಕೆ ಸುದ್ದಿಯಿಲ್ಲ. ಒಂದೇ ದೊಡ್ಡ ದುರಂತಕ್ಕಿಂತ ಇಂಥವು ವರ್ಷಗಟ್ಟಲೆ ಒಂದರ ಮೇಲೊಂದು ಕೂಡಿಕೊಂಡೇ ಹೆಚ್ಚು ಜನ ಸೋಲುತ್ತಾರೆ. ಹಾಗಾಗಿ ಎಷ್ಟು ಜನ ಸತ್ತರು ಎಂಬ ಅಳತೆ ಸಾಲದು. ಮಗು ಇದ್ದ ಕಾಲ್, ಗುರುತಿನವರು ಸಿಕ್ಕಿಕೊಂಡ ಕಾಲ್, ಕೈಗೆ ಸಿಕ್ಕೂ ಉಳಿಯದ ಕಾಲ್, ಸಹೋದ್ಯೋಗಿಗೆ ಪೆಟ್ಟಾದ ಕಾಲ್: ಈ ನಾಲ್ಕರಲ್ಲಿ ಯಾವುದೇ ನಡೆದಿರಲಿ, ಯಾರೂ ಕೇಳದಿದ್ದರೂ ಮುಂದಿನ ಕ್ರಮ ಶುರುವಾಗಬೇಕು.

ಮೊದಲ ಗಂಟೆಯಲ್ಲಿ ಮಾತು ಬೇಡ. ನೀರು ಕುಡಿಸಿ. ಮುಖ, ಕುತ್ತಿಗೆ, ಕೈ ತೊಳೆಸಿ. ಬಟ್ಟೆ ಬದಲಿಸಲಿ. ಬಿಸಿ ಚಹಾ, ಹೊಟ್ಟೆಗೆ ಏನಾದರೂ. ಮನೆಗೊಂದು ಫೋನ್. ಹೋಸ್ ತೊಳೆದು ಒಣಗಹಾಕುವ ಕೆಲಸವನ್ನು ಅವರಿಂದ ಪೂರ್ತಿ ಕಿತ್ತುಕೊಳ್ಳಬೇಡಿ, ಕೈಗೆ ಕೆಲಸವಿದ್ದರೆ ಮನಸ್ಸು ನಿಲ್ಲುತ್ತದೆ. ಆದರೆ ಒಬ್ಬರು ಹೋಸ್ ತುದಿಯ ನಳಿಕೆಯಾದ ಅದೇ ಬ್ರಾಂಚನ್ನು ಮೂರನೇ ಸಲ ಒರೆಸುತ್ತಿದ್ದರೆ ಪಕ್ಕದಲ್ಲಿ ಹೋಗಿ ನಿಂತು ನೀವೂ ಒಂದು ಬಟ್ಟೆ ಹಿಡಿಯಿರಿ. ಅಷ್ಟೇ ಸಾಕು.

ಇಲ್ಲಿ ಬಹಳ ಕಡೆ ಆಗುವ ತಪ್ಪೊಂದಿದೆ. ಒಳ್ಳೆಯ ಉದ್ದೇಶದಿಂದಲೇ ಎಲ್ಲರನ್ನೂ ಸುತ್ತ ಕೂರಿಸಿ, ಯಾರಾದರೂ ತಜ್ಞರನ್ನು ಕರೆಸಿ, 'ನೀವು ಏನು ನೋಡಿದಿರಿ, ಹೇಗನ್ನಿಸಿತು' ಎಂದು ಒಬ್ಬೊಬ್ಬರಿಂದ ಹೇಳಿಸುತ್ತಾರೆ. ಈ ಪದ್ಧತಿಯನ್ನು ಹುಟ್ಟುಹಾಕಿದವರು ಅಮೆರಿಕದ ಜೆಫ್ರಿ ಮಿಚೆಲ್, ತಾವೇ ಅಗ್ನಿಶಾಮಕರಾಗಿದ್ದವರು. 1983ರಲ್ಲಿ ಪ್ರಕಟವಾದ ಮೇಲೆ ಅದು ಜಗತ್ತೆಲ್ಲ ಹರಡಿತು. ಆದರೆ ಒಂದೇ ಸಲ ಕೂರಿಸಿ ಎಲ್ಲವನ್ನೂ ಹೇಳಿಸುವುದರಿಂದ ಮುಂದೆ ಬರುವ ಆಘಾತದ ಕಾಯಿಲೆ ತಪ್ಪುವುದಿಲ್ಲ, ಕೆಲವರಲ್ಲಿ ಹೆಚ್ಚಾದದ್ದೂ ಉಂಟು ಎಂದು ಆಮೇಲಿನ ಅಧ್ಯಯನಗಳು ತೋರಿಸಿದವು. ವಿಶ್ವ ಆರೋಗ್ಯ ಸಂಸ್ಥೆಯೂ ಈಗ ಇದನ್ನು ಬೇಡ ಎನ್ನುತ್ತದೆ. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಮೆಟ್ಟಿಲ ಬಳಿ ನಿಂತಿದ್ದ ಹುಡುಗ ಒಳಗಿನ ಕೋಣೆಯನ್ನು ನೋಡಿರಲಿಲ್ಲ, ಈಗ ಒಳಗೆ ಹೋದವರ ಬಾಯಿಂದ ಕೇಳಿ ಅದನ್ನೂ ತಲೆಗೆ ತುಂಬಿಕೊಂಡ. ಇನ್ನೊಬ್ಬರಿಗೆ ಆ ರಾತ್ರಿ ಸುಮ್ಮನಿರುವುದೇ ಬೇಕಿತ್ತು, ಬಲವಂತಕ್ಕೆ ಬಾಯಿ ಬಿಟ್ಟು ಮನೆಗೆ ಹೋಗಿ ನಡುಗಿದರು.

ಪಂಪಿನ ಒತ್ತಡ ಎಷ್ಟಿತ್ತು, ಹೋಸ್ ಲೈನ್ ಯಾವ ಕಡೆಯಿಂದ ಹೋಯಿತು, ಹೊಗೆಯಲ್ಲಿ ಉಸಿರಾಡಲು ಬೆನ್ನಿಗೆ ಹಾಕುವ ಬಿಎ ಸೆಟ್ ಎಷ್ಟು ಹೊತ್ತು ಬಂತು ಎಂಬ ಕೆಲಸದ ಪರಿಶೀಲನೆ ನಡೆಯಲೇಬೇಕು. ಅದು ಬೇರೆ ದಿನ, ಬೇರೆ ಮಾತು. ಎರಡನ್ನೂ ಒಂದೇ ಕೂಟದಲ್ಲಿ ಮಾಡಿದರೆ ಸಂಕಟ ಹೇಳಿಕೊಂಡವರ ಮೇಲೆ ತಪ್ಪು ಹೊರೆಸಿದಂತಾಗುತ್ತದೆ.

ಬದಲಿಗೆ ಒಂದರಿಂದ ಮೂರು ದಿನದೊಳಗೆ ಒಬ್ಬೊಬ್ಬರನ್ನೇ ಬೇರೆಯಾಗಿ ಮಾತಾಡಿಸಿ. ಅದಕ್ಕೆ ಕೋಣೆ, ಕುರ್ಚಿ ಬೇಡ, ವಾಹನ ತೊಳೆಯುವಾಗ ಆದರೂ ಆಯಿತು. 'ಅಣ್ಣ, ಊಟ ಸೇರ್ತಿದ್ಯಾ? ರಾತ್ರಿ ನಿದ್ದೆ ಹೆಂಗೆ?' ಎಂದರೆ ಉತ್ತರ ಬರುತ್ತದೆ. 'ನಿಮ್ಮ ಭಾವನೆಗಳು ಹೇಗಿವೆ' ಎಂದರೆ ಬರುವುದಿಲ್ಲ. ಒಂದು ವಾರಕ್ಕೆ ಮತ್ತೊಮ್ಮೆ, ಒಂದು ತಿಂಗಳಿಗೆ ಇನ್ನೊಮ್ಮೆ. ಬಿಟ್ಟುಹೋಗುವುದು ಸಾಮಾನ್ಯವಾಗಿ ಈ ತಿಂಗಳಿನ ಭೇಟಿಯೇ, ಮುಖ್ಯವಾದದ್ದೂ ಅದೇ.

ಮಾತಾಡಿಸಬೇಕಾದವರ ಪಟ್ಟಿಯಲ್ಲಿ ಒಳಗೆ ನುಗ್ಗಿದವರಷ್ಟೇ ಇದ್ದರೆ ಸಾಲದು. ಪಂಪ್ ಬಿಟ್ಟು ಕದಲುವಂತಿಲ್ಲದ ಚಾಲಕ ತಂತ್ರಜ್ಞರು ಎಲ್ಲವನ್ನೂ ಕೇಳಿರುತ್ತಾರೆ, ಏನೂ ಮಾಡಲಾಗಿರುವುದಿಲ್ಲ. ಫೋನ್ ಎತ್ತಿದವರ ಕಿವಿಯಲ್ಲಿ ಕೂಗು ಉಳಿದಿರುತ್ತದೆ, ಕೊನೆಗೆ ಏನಾಯಿತು ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ. ಅವರಿಗೆ ಫೋನ್ ಮಾಡಿ ತಿಳಿಸುವುದೇ ಅರ್ಧ ಆಸರೆ. ಅವತ್ತು ರಜೆಯಲ್ಲಿದ್ದವರು 'ನಾನಿದ್ದಿದ್ರೆ' ಎಂದು ಕೊರಗುತ್ತಾರೆ. ಹೊಸದಾಗಿ ಸೇರಿದ ಹುಡುಗರು ಹಿರಿಯರ ಮುಖ ನೋಡಿ ತಾವೂ ನಗುತ್ತಾರೆ. ವಿಜಯಪುರ, ರಾಯಚೂರು ಕಡೆಯಿಂದ ಬಂದು ಇಲ್ಲಿ ಒಂಟಿಯಾಗಿರುವವರಿಗೆ ಡ್ಯೂಟಿ ಮುಗಿದ ಮೇಲೆ ಹೋಗಲು ಮನೆಯೂ ಇರುವುದಿಲ್ಲ. ಅಂಥವರನ್ನು ಆ ಎರಡು ಮೂರು ದಿನ ಯಾರಾದರೂ ಮನೆಗೆ ಊಟಕ್ಕೆ ಕರೆಯಲಿ.

ಮೊದಲ ಕೆಲವು ದಿನ ಕನಸು, ಬೆಚ್ಚಿಬೀಳುವುದು, ವಾಸನೆ ಮೂಗಿನಿಂದ ಹೋಗದಿರುವುದು ಸಹಜ, ಹೆಚ್ಚಿನವರಲ್ಲಿ ತಾನಾಗಿ ಇಳಿಯುತ್ತದೆ. ತಿಂಗಳು ಕಳೆದರೂ ಇಳಿಯದಿದ್ದರೆ, ಆ ರಸ್ತೆಯನ್ನೇ ತಪ್ಪಿಸಿ ಓಡಾಡುತ್ತಿದ್ದರೆ, ಮನೆಯಲ್ಲಿ ಸಣ್ಣದಕ್ಕೂ ಸಿಡುಕುತ್ತಿದ್ದರೆ ಮನೋವೈದ್ಯರ ಹತ್ತಿರ ಹೋಗಬೇಕು. ನಿದ್ದೆಗೆಂದು ಶುರುವಾಗುವ ಕುಡಿತದ ಮೇಲೆ ಮೊದಲ ವಾರದಿಂದಲೇ ಕಣ್ಣಿರಲಿ. ಮದ್ಯ ಬೇಗ ನಿದ್ದೆ ಹತ್ತಿಸುತ್ತದೆ, ರಾತ್ರಿಯ ಎರಡನೇ ಅರ್ಧದಲ್ಲಿ ಅದನ್ನು ಒಡೆಯುತ್ತದೆ. ಮರುದಿನ ಇನ್ನಷ್ಟು ಬೇಕಾಗುತ್ತದೆ.

ಈ ಊರಿನವರಿಗೆ ಹತ್ತಿರದಲ್ಲೇ ದಾರಿಗಳಿವೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮನಸ್ ಸಂಖ್ಯೆ 14416, 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಹೊಸೂರು ರಸ್ತೆಯ ನಿಮ್ಹಾನ್ಸ್‌ಗೆ ಹೋಗಲು ಮುಜುಗರ ಎನ್ನುವವರಿಗೆ ಬಿಟಿಎಂ ಲೇಔಟ್‌ನಲ್ಲಿ ಅದರದೇ ಸೆಂಟರ್ ಫಾರ್ ವೆಲ್‌ಬೀಯಿಂಗ್ ಇದೆ, ಅದು ಆಸ್ಪತ್ರೆಯ ಆವರಣದ ಹೊರಗೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಚಿಕಿತ್ಸೆಯ ವಿವರವನ್ನು ಗುಟ್ಟಾಗಿಡುವುದು ವೈದ್ಯರ ಕರ್ತವ್ಯ ಎಂಬುದನ್ನು ಹಿಂಜರಿಯುವವರಿಗೆ ಹೇಳಿ. ಮೊದಲ ಸಲ ಜೊತೆಯಲ್ಲಿ ಹೋಗಿ, ಚೀಟಿ ಮಾಡಿಸುವ ಸಾಲಿನಲ್ಲಿ ನಿಂತುಕೊಳ್ಳಿ. ನಂಬರ್ ಕೊಟ್ಟು ಕಳಿಸಿದವರಲ್ಲಿ ಬಹಳ ಮಂದಿ ಹೋಗುವುದೇ ಇಲ್ಲ.

ಸಾಯುವ ಮಾತಾಡಿದರೆ ನೇರವಾಗಿ ಕೇಳಿ: 'ಸಾಯಬೇಕು ಅನ್ನಿಸ್ತಿದ್ಯಾ?' ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಒಬ್ಬರನ್ನೇ ಬಿಡಬೇಡಿ, ಹಗ್ಗ, ಮಾತ್ರೆ, ಕೀಟನಾಶಕ ಕೈಗೆ ಸಿಗದಂತೆ ಮಾಡಿ, ಮನೆಯವರಿಗೆ ತಿಳಿಸಿ, ಅವತ್ತೇ ನಿಮ್ಹಾನ್ಸ್‌ನ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋಗಿ. ನಾಳೆಗೆ ಮುಂದೂಡಬೇಡಿ.

ಮನೆಯ ಕಡೆಯ ಕಥೆ ಇದಕ್ಕಿಂತ ಬೇರೆ. ದೊಡ್ಡ ಬೆಂಕಿಯ ಸುದ್ದಿ ಹೆಂಡತಿಗೆ ಟಿವಿಯ ಪಟ್ಟಿಯಲ್ಲೇ ಮೊದಲು ಕಾಣುತ್ತದೆ, 'ಅಗ್ನಿಶಾಮಕ ಸಿಬ್ಬಂದಿಗೆ ಗಾಯ' ಎಂದಿರುತ್ತದೆ, ಹೆಸರಿರುವುದಿಲ್ಲ. ಅವರು ಗಂಡನಿಗೆ ಹತ್ತು ಸಲ ಫೋನ್ ಮಾಡುತ್ತಾರೆ, ಫೋನ್ ಠಾಣೆಯ ಲಾಕರ್‌ನಲ್ಲಿ ಬಡಿದುಕೊಳ್ಳುತ್ತಿರುತ್ತದೆ. ಇದಕ್ಕೆ ಮದ್ದು ಅಗ್ಗದ್ದು. ಪ್ರತಿ ಪಾಳಿಯಲ್ಲಿ ಮನೆಗಳಿಗೆ ತಿಳಿಸಲು ಠಾಣೆಯಲ್ಲೇ ಉಳಿಯುವ ಒಬ್ಬರು ಇರಲಿ, ಅವರ ಹತ್ತಿರ ಪ್ರತಿಯೊಬ್ಬರ ಮನೆಯ ಎರಡೆರಡು ನಂಬರ್ ಇರಲಿ, ಊರಿನಲ್ಲಿರುವ ಅಪ್ಪ ಅಮ್ಮನದೂ ಸೇರಿ. ಎಲ್ಲರೂ ಕ್ಷೇಮವಿದ್ದರೆ ಮನೆಯವರ ವಾಟ್ಸಾಪ್ ಗುಂಪಿಗೆ ಒಂದೇ ಸಾಲು: 'ನಮ್ಮ ಠಾಣೆಯವರೆಲ್ಲ ಕ್ಷೇಮ, ಸಮಯ ಇಷ್ಟು.' ಪೆಟ್ಟಾಗಿದ್ದರೆ ಗುಂಪಿನಲ್ಲಿ ಒಂದಕ್ಷರವೂ ಬೇಡ. ಆ ಮನೆಗೆ ಇಬ್ಬರು ನೇರವಾಗಿ ಹೋಗಬೇಕು, ಅವರಲ್ಲಿ ಒಬ್ಬರು ಆ ಮನೆಯವರಿಗೆ ಪರಿಚಯದವರಾಗಿರಬೇಕು. ಸ್ಥಳದ ಫೋಟೊ, ವಿಡಿಯೊ ಆ ಗುಂಪಿಗೆ ಎಂದೂ ಬರಬಾರದು.

ಕ್ವಾರ್ಟರ್ಸ್‌ನಲ್ಲಿ ಹಿರಿಯ ಅಕ್ಕಂದಿರು ಇಂಥ ಕೆಲಸವನ್ನು ಮೊದಲಿಂದಲೂ ಮಾಡುತ್ತಿದ್ದಾರೆ, ಹೆಸರಿಟ್ಟಿಲ್ಲ ಅಷ್ಟೇ. ಹೊಸದಾಗಿ ಮದುವೆಯಾಗಿ ಬಂದ ಹುಡುಗಿಗೆ ಅವರು ಹೇಳಿಕೊಡಬೇಕಾದ್ದು ಇದೆ: ಗಂಡ ಬೆಳಿಗ್ಗೆ ಕೆಳಗೆ ಬೈಕ್ ನಿಲ್ಲಿಸಿ, ಎಂಜಿನ್ ಆರಿಸಿ, ಹೆಲ್ಮೆಟ್ ತೆಗೆಯದೆ ಹತ್ತು ನಿಮಿಷ ಹಾಗೇ ಕೂತಿದ್ದರೆ ಅದು ನಿನ್ನ ಮೇಲಿನ ಕೋಪವಲ್ಲ. 'ಏನಾಯ್ತು ಹೇಳ್ರೀ' ಎಂದು ಅಡ್ಡ ನಿಲ್ಲಬೇಡ. ಸ್ನಾನಕ್ಕೆ ನೀರು, ತಿಂಡಿ, ಆಮೇಲೆ 'ಹೇಳಬೇಕು ಅನ್ಸಿದಾಗ ಹೇಳಿ, ನಾನಿದೀನಿ' ಅಂದರೆ ಸಾಕು. ಎರಡು ವಾರವಾದರೂ ಹಾಗೇ ಇದ್ದರೆ ಪಾಳಿಯ ಆಸರೆಯವರಿಗೆ ನೇರ ಫೋನ್ ಮಾಡುವ ಹಕ್ಕು ಅವಳಿಗಿರಬೇಕು. ಮಕ್ಕಳಿಗೆ ಸುಳ್ಳು ಬೇಡ. 'ಅಪ್ಪನಿಗೆ ಇವತ್ತು ಕೆಲಸದಲ್ಲಿ ಬೇಜಾರಾಗಿದೆ, ನಿನ್ನಿಂದ ಅಲ್ಲ' ಎಂಬ ಮಾತು ಐದು ವರ್ಷದ ಮಗುವಿಗೂ ಅರ್ಥವಾಗುತ್ತದೆ.

ಮನೆಗೆ ಬರುವ ಖಾಕಿಯ ವಿಷಯವೂ ಕುಟುಂಬದ್ದೇ. ಅಗ್ನಿಶಾಮಕರ ಕೆಲಸದಲ್ಲಿ ಒಳಹೋಗುವ ವಿಷವಸ್ತುಗಳನ್ನು ಕ್ಯಾನ್ಸರ್ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆ ಐಎಆರ್‌ಸಿ 2022ರಲ್ಲಿ ಮೊದಲ ಗುಂಪಿಗೆ, ಅಂದರೆ ಕ್ಯಾನ್ಸರ್ ತರುವುದು ಖಚಿತವೆಂಬ ಗುಂಪಿಗೆ ಸೇರಿಸಿತು. ಸೋಪು ನೀರು ಹಾಕಿ ಬ್ರಷ್‌ನಿಂದ ಉಜ್ಜಿದರೆ ಹೊರ ಕೋಟಿನ ಮೇಲಿನ ಮಸಿಯ ವಿಷದಲ್ಲಿ ಶೇ. 85ರಷ್ಟು ಹೋಗುತ್ತದೆ ಎಂದು ಅಮೆರಿಕದ ಒಂದು ಅಧ್ಯಯನ ಕಂಡಿದೆ, ಆದ್ದರಿಂದ ಅದು ಸ್ಥಳದಲ್ಲೇ ಆಗಲಿ. ಹೊಗೆ ಹಿಡಿದ ಬಟ್ಟೆ ಠಾಣೆಯಲ್ಲೇ ತೊಳೆಯಬೇಕು. ಮನೆಗೆ ತರಲೇಬೇಕಾದರೆ ಕಟ್ಟಿದ ಚೀಲದಲ್ಲಿ ತಂದು ಬೇರೆಯಾಗಿ ಒಗೆಯಿರಿ, ಮಗುವಿನ ಬಟ್ಟೆಯ ಜೊತೆ ಎಂದೂ ಬೇಡ.

ಕೊನೆಯದು ಕಾಗದಪತ್ರ. ಕುಟುಂಬ ಅತಿ ಹೆಚ್ಚು ಪೇಚಾಡುವುದು ಇಲ್ಲೇ. ಸರ್ಕಾರಿ ನೌಕರರ ವಿಮೆಯಾದ ಕೆಜಿಐಡಿ ಪಾಲಿಸಿ, 2006ರ ಏಪ್ರಿಲ್ ನಂತರ ಸೇರಿದವರಿಗೆ ಎನ್‌ಪಿಎಸ್ ಪಿಂಚಣಿ ಖಾತೆಯ ಪ್ರಾನ್ ಸಂಖ್ಯೆ, ಬ್ಯಾಂಕ್ ಪಾಸ್‌ಬುಕ್, ಆಧಾರ್, ಮದುವೆ ಪ್ರಮಾಣಪತ್ರ, ಮಕ್ಕಳ ಜನನ ಪತ್ರ, ಸಾಲದ ವಿವರ ಎಲ್ಲದರ ಪ್ರತಿ ಒಂದು ಫೈಲಿನಲ್ಲಿದ್ದು, ಅದು ಎಲ್ಲಿದೆ ಎಂದು ಮನೆಯಲ್ಲಿ ಗೊತ್ತಿರಬೇಕು. ಮೂರು ಎಡವಟ್ಟು ಪದೇ ಪದೇ ಆಗುತ್ತವೆ. ನೌಕರಿಗೆ ಸೇರುವಾಗ ಅಮ್ಮನ ಹೆಸರಿಗೆ ಮಾಡಿದ ನಾಮನಿರ್ದೇಶನ ಮದುವೆಯಾದ ಮೇಲೂ ಹಾಗೇ ಉಳಿದು, ಸಾವಿನ ಮನೆಯಲ್ಲಿ ಅತ್ತೆ ಸೊಸೆ ಎದುರುಬದುರಾಗುತ್ತಾರೆ. ಸೇವಾ ಪುಸ್ತಕದಲ್ಲೊಂದು, ಆಧಾರ್‌ನಲ್ಲೊಂದು ಇನಿಷಿಯಲ್ ಇದ್ದು ತಿಂಗಳುಗಟ್ಟಲೆ ಕಡತ ನಿಲ್ಲುತ್ತದೆ. ಇನ್ನು ಸಂಬಳದ ಖಾತೆ ಸ್ಯಾಲರಿ ಪ್ಯಾಕೇಜ್‌ಗೆ ಸೇರಿದ್ದರೆ ಅದರ ಜೊತೆ ಅಪಘಾತ ವಿಮೆ ಇರಬಹುದು, ಅದು ಯಾರಿಗೂ ನೆನಪಾಗುವುದಿಲ್ಲ. ಬ್ಯಾಂಕಿನಲ್ಲಿ ಕೇಳಿ ಬರಹದಲ್ಲಿ ಪಡೆದು ಫೈಲಿಗೆ ಹಾಕಿ.

ಸಾವು ಸಂಭವಿಸಿದರೆ ಠಾಣೆಯಿಂದ ಒಬ್ಬರೇ ಕೊನೆಯವರೆಗೆ ಆ ಕುಟುಂಬದ ಜೊತೆ ಓಡಾಡಲಿ, ವಾರಕ್ಕೊಬ್ಬರು ಬದಲಾದರೆ ಹೆಂಡತಿ ಅದೇ ಕಥೆಯನ್ನು ಮತ್ತೆ ಮತ್ತೆ ಹೇಳಬೇಕಾಗುತ್ತದೆ. ಮರಣ ಪತ್ರದ ಹತ್ತು ಪ್ರತಿ ಒಟ್ಟಿಗೇ ತೆಗೆಸಿ. ವಂಶವೃಕ್ಷಕ್ಕೆ ನಾಡಕಚೇರಿಯಲ್ಲಿ ಅರ್ಜಿ ಹಾಕಿ. ಎಫ್‌ಐಆರ್, ಮರಣೋತ್ತರ ಪರೀಕ್ಷೆಯ ವರದಿಯ ಪ್ರತಿ ಇಟ್ಟುಕೊಳ್ಳಿ. ಅನುಕಂಪದ ನೌಕರಿಯ ಅರ್ಜಿಗೆ 1996ರ ನಿಯಮಗಳ ಪ್ರಕಾರ ಸಾವಿನ ದಿನದಿಂದ ಒಂದು ವರ್ಷದ ಗಡುವಿದೆ. ದುಃಖದಲ್ಲಿ ವರ್ಷ ಕಳೆದದ್ದೇ ಗೊತ್ತಾಗುವುದಿಲ್ಲ, ಆದ್ದರಿಂದ ಆ ತಾರೀಖನ್ನು ಜೊತೆಗೆ ಓಡಾಡುವವರು ತಮ್ಮ ಫೋನಿನಲ್ಲಿ ಹಾಕಿಟ್ಟುಕೊಂಡು, ಆರು ತಿಂಗಳಿಗೆ ಮುಂಚೆಯೇ ಅರ್ಜಿ ಸಲ್ಲಿಸಿ ಸ್ವೀಕೃತಿ ಪಡೆಯಬೇಕು.