ಎಣ್ಣೆ ಮಿಲ್ಲಿನ ಚಾವಣಿ ಸೋಲಾರ್: ಲೈನಿಗೆ ಕೊಟ್ಟ ಕರೆಂಟಿನ ಮೊದಲ ಬೇಸಿಗೆ ಲೆಕ್ಕ

ಎರಡೂ ಕಡೆ ಓಡುವ ಮೀಟರ್ ಕೂತ ಮೇಲೆ ಒಂದು ಪೂರ್ತಿ ಬೇಸಿಗೆ ಕಳೆಯಿತು. ಚಳ್ಳಕೆರೆಯ ನಮ್ಮ ಶೇಂಗಾ ಎಣ್ಣೆ ಮಿಲ್ಲಿನ ತಗಡಿನ ಮೇಲೆ ಈಗ 540 ವ್ಯಾಟ್‌ನ 56 ಪ್ಯಾನೆಲ್‌ಗಳಿವೆ. ಒಟ್ಟು 30 ಕಿಲೋವ್ಯಾಟ್. ಮಾರ್ಚ್‌ನಿಂದ ಮೇವರೆಗೆ ನಮಗೆ ಬೇಕಾದದ್ದಕ್ಕಿಂತ ತುಂಬಾ ಜಾಸ್ತಿ ಕರೆಂಟು ಬಂತು. ಮಿಕ್ಕಿದ್ದು ಲೈನಿಗೆ ಹೋಯಿತು, ಅದಕ್ಕೆ ದುಡ್ಡೂ ಬಂತು. ನಮ್ಮಂಥ ಸಣ್ಣ ಮಿಲ್ಲಿನವರು ತುಂಬಾ ಜನ ಇದರ ಬಗ್ಗೆ ಕೇಳುತ್ತಿದ್ದಾರೆ. ಅದಕ್ಕೆ ಈ ಸಲ ಲೆಕ್ಕ ಬಿಡಿಸಿ ಬರೆಯುತ್ತಿದ್ದೇನೆ.

ಯಾಕೆ 30 ಕಿಲೋವ್ಯಾಟ್?

ವಿದ್ಯುತ್ ಕಂಪನಿಯಿಂದ ನಮಗೆ ಮಂಜೂರಾದ ಲೋಡ್ 40 ಎಚ್‌ಪಿ. ಅಂದರೆ ಹತ್ತಿರ ಹತ್ತಿರ 30 ಕಿಲೋವ್ಯಾಟ್. ನೆಟ್ ಮೀಟರಿಂಗ್‌ನಲ್ಲಿ (ನಾವು ಬಳಸಿ ಮಿಕ್ಕಿದ್ದನ್ನು ಲೈನಿಗೆ ಕೊಡುವ ಕರಾರು) ಆ ಲೋಡಿಗಿಂತ ದೊಡ್ಡ ಸೋಲಾರ್ ಹಾಕುವ ಹಾಗಿಲ್ಲ. ಕೇಂದ್ರ ಸರ್ಕಾರದ 2021ರ ತಿದ್ದುಪಡಿ ನಿಯಮದಲ್ಲೂ ಇದೇ ಇದೆ: 500 ಕಿಲೋವ್ಯಾಟ್ ಅಥವಾ ಮಂಜೂರಾದ ಲೋಡ್, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು. ಜಾಗ ಇದೆ ಅಂತ ಚಾವಣಿ ತುಂಬಾ ಪ್ಯಾನೆಲ್ ಹಾಸಲು ಆಗುವುದಿಲ್ಲ. ಲೋಡ್ ಜಾಸ್ತಿ ಮಾಡಿಸಬಹುದು, ಆದರೆ ಮಿಲ್ ನಿಂತಿದ್ದರೂ ಪ್ರತಿ ತಿಂಗಳು ಫಿಕ್ಸೆಡ್ ಚಾರ್ಜ್ ಏರುತ್ತದೆ. ಸೋಲಾರ್ ಹಾಕಿದರೆ ಫಿಕ್ಸೆಡ್ ಚಾರ್ಜ್ ಒಂದು ರೂಪಾಯಿಯೂ ಇಳಿಯುವುದಿಲ್ಲ. ಇದನ್ನು ಮೊದಲೇ ತಿಳಿದಿರಬೇಕು.

ನಮ್ಮ ಕೆಲಸ ಸೀಸನ್ನಿನದು. ಮುಂಗಾರಿನ ಶೇಂಗಾ ಕಿತ್ತು ಒಣಗಿ ಮಾರುಕಟ್ಟೆಗೆ ಬಂದ ಮೇಲೆ ಎಣ್ಣೆ ಹಿಂಡುವ ಎಕ್ಸ್‌ಪೆಲ್ಲರ್ ಓಡುತ್ತದೆ. ನವೆಂಬರ್‌ನಿಂದ ಫೆಬ್ರವರಿವರೆಗೆ ಉಸಿರಾಡೋಕೂ ಪುರುಸೊತ್ತಿಲ್ಲ. ಮಾರ್ಚ್ ಹೊತ್ತಿಗೆ ಕೆಲಸ ಇಳಿಯುತ್ತದೆ, ಬಿಸಿಲು ಏರುತ್ತದೆ. ಹೀಗಾಗಿ ನಮ್ಮಲ್ಲಿ ಕರೆಂಟು ಮಿಗುವುದು ಬೇಸಿಗೆಯಲ್ಲೇ.

ನೆಟ್ ಮತ್ತು ಗ್ರಾಸ್

ಗ್ರಾಸ್ ಮೀಟರಿಂಗ್ ಅಂದರೆ ಮನೆಯ ಹಸುವಿನ ಹಾಲನ್ನೆಲ್ಲ ಡೇರಿಗೆ ಹಾಕಿ, ಕಾಫಿಗೆ ಬೇಕಾದ ಹಾಲನ್ನು ಅಂಗಡಿಯಿಂದ ತಂದ ಹಾಗೆ. ಪ್ಯಾನೆಲ್‌ನಲ್ಲಿ ಹುಟ್ಟಿದ ಅಷ್ಟೂ ಕರೆಂಟು ಕರಾರಿನ ದರಕ್ಕೆ ಹೋಗುತ್ತದೆ. ಮಿಲ್ಲಿಗೆ ಬೇಕಾದದ್ದಕ್ಕೆ ಬೇರೆ ಬಿಲ್ ಬರುತ್ತದೆ.

ನೆಟ್ ಮೀಟರಿಂಗ್‌ನಲ್ಲಿ ಮೊದಲು ನಾವು ಬಳಸುತ್ತೇವೆ, ಮಿಕ್ಕಿದ್ದು ಲೈನಿಗೆ ಹೋಗುತ್ತದೆ. ತಿಂಗಳ ಕೊನೆಗೆ ಲೈನಿಂದ ತಗೊಂಡ ಯೂನಿಟ್‌ನಿಂದ ಕೊಟ್ಟ ಯೂನಿಟ್ ಕಳೆಯುತ್ತಾರೆ. ತಗೊಂಡಿದ್ದು ಜಾಸ್ತಿಯಾದರೆ ಆ ವ್ಯತ್ಯಾಸಕ್ಕೆ ಬಿಲ್ ಬರುತ್ತದೆ, ಕೊಟ್ಟಿದ್ದು ಜಾಸ್ತಿಯಾದರೆ ಆ ವ್ಯತ್ಯಾಸಕ್ಕೆ ನಮಗೆ ದುಡ್ಡು. ನಮ್ಮದು ಈ ಕರಾರು, 25 ವರ್ಷಕ್ಕೆ.

ಹಾಗಾಗಿ ಕೊಟ್ಟ ಯೂನಿಟ್‌ಗೆಲ್ಲ ಒಂದೇ ಬೆಲೆ ಸಿಗುವುದಿಲ್ಲ. ಅದೇ ತಿಂಗಳಲ್ಲಿ ನಾವು ತಗೊಂಡ ಯೂನಿಟ್‌ಗೆ ವಜಾ ಆದರೆ ಅದಕ್ಕೆ ಕೊಳ್ಳುವ ಬೆಲೆ ಸಿಕ್ಕಂತೆ. ವಜಾ ಆಗಿ ಮಿಕ್ಕಿದರೆ ಮಾರುವ ಬೆಲೆ ಅಷ್ಟೇ.

ಮಾರುವ ಬೆಲೆ ಯಾಕೆ ಕಡಿಮೆ?

2013ರಲ್ಲಿ ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ ಚಾವಣಿ ಸೋಲಾರ್‌ಗೆ ಯೂನಿಟ್‌ಗೆ 9 ರೂಪಾಯಿ 56 ಪೈಸೆ ನಿಗದಿ ಮಾಡಿತ್ತು. ಸಬ್ಸಿಡಿ ಪಡೆದವರಿಗೆ 7 ರೂಪಾಯಿ 20 ಪೈಸೆ. ಆಗ ಪ್ಯಾನೆಲ್ ದುಬಾರಿ. ಧೈರ್ಯ ಮಾಡಿ ದುಡ್ಡು ಹಾಕಿದವರಿಗೆ ಆ ದರ ನ್ಯಾಯವೇ ಆಗಿತ್ತು. ಆಮೇಲೆ ಪ್ಯಾನೆಲ್ ಬೆಲೆ ಕುಸಿಯಿತು. 2017ರ ಮೇ ತಿಂಗಳಲ್ಲಿ ರಾಜಸ್ಥಾನದ ಭಡ್ಲಾ ಸೋಲಾರ್ ಪಾರ್ಕಿನ ಹರಾಜಿನಲ್ಲಿ ದರ 2 ರೂಪಾಯಿ 44 ಪೈಸೆಗೆ ಬಂತು. ನಮಗೆ ಹತ್ತಿರದ ಪಾವಗಡದಲ್ಲಿ 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಎದ್ದು ನಿಂತಿತು. ಮಧ್ಯಾಹ್ನದ ಕರೆಂಟು ಅಷ್ಟು ಅಗ್ಗವಾಗಿ ಸಿಗುವಾಗ ಒಂದು ಮಿಲ್ಲಿನ ಚಾವಣಿಯಿಂದ ಬರುವುದಕ್ಕೆ ಹಳೆಯ ದರ ಯಾರು ಕೊಡುತ್ತಾರೆ?

ನಮ್ಮ ಕರಾರಿನ ದರ ಮೂರು ರೂಪಾಯಿ ಚಿಲ್ಲರೆ. ಇಲ್ಲಿ ಸುಲಭವಾಗಲಿ ಅಂತ ಮೂರೇ ಅಂತ ಹಿಡಿಯುತ್ತೇನೆ. ಕೊಳ್ಳುವ ಯೂನಿಟ್‌ಗೆ ಶೇ. 9 ತೆರಿಗೆ, ಇಂಧನ ಹೊಂದಾಣಿಕೆ ಶುಲ್ಕ ಎಲ್ಲ ಸೇರಿ ಇದಕ್ಕಿಂತ ಎಷ್ಟೋ ಜಾಸ್ತಿ ಬೀಳುತ್ತದೆ.

ಏಪ್ರಿಲ್ ತಿಂಗಳ ಲೆಕ್ಕ

ಒಂದು ಕಿಲೋವ್ಯಾಟ್‌ಗೆ ದಿನಕ್ಕೆ ಸರಾಸರಿ ನಾಲ್ಕೂವರೆ ಯೂನಿಟ್ ಬಂತು. ಕರ್ನಾಟಕದಲ್ಲಿ ವರ್ಷದ ಸರಾಸರಿ ನಾಲ್ಕರ ಆಸುಪಾಸು ಅಂತ ಲೆಕ್ಕ ಹಾಕುವುದು ರೂಢಿ. ಚಳ್ಳಕೆರೆ ರಾಜ್ಯದ ತೀರಾ ಒಣ ತಾಲ್ಲೂಕುಗಳಲ್ಲಿ ಒಂದು, ಬೇಸಿಗೆಯಲ್ಲಿ ಮೋಡ ಕಡಿಮೆ.

ಒಟ್ಟು ಹುಟ್ಟಿದ್ದು ಸುಮಾರು 4,050 ಯೂನಿಟ್. ಬಿಸಿಲಿರುವಾಗ ನಾವೇ ಬಳಸಿದ್ದು 600. ಲೈನಿಗೆ ಹೋಗಿದ್ದು 3,450. ರಾತ್ರಿ, ಬೆಳಗಿನ ಜಾವ ಲೈನಿಂದ ತಗೊಂಡಿದ್ದು 300. ಮಿಕ್ಕಿದ್ದು 3,150. ಮೂರು ರೂಪಾಯಿಯಂತೆ 9,450 ರೂಪಾಯಿ. ಕರೆಂಟು ಮಾರಾಟಕ್ಕೆ ಜಿಎಸ್‌ಟಿ ಇಲ್ಲ.

ಜನವರಿಯಂಥ ತಿಂಗಳಲ್ಲಿ ಮಿಲ್ 6,000 ಯೂನಿಟ್ ತಿನ್ನುತ್ತದೆ. ಆಗ ಸೋಲಾರ್‌ನ ಪ್ರತಿ ಯೂನಿಟ್‌ಗೂ ಕೊಳ್ಳುವ ಬೆಲೆಯೇ ಉಳಿತಾಯ. ಬಿಸಿಲು ಕಡಿಮೆ ಇದ್ದರೂ ಸೀಸನ್ನಿನ ತಿಂಗಳೇ ನಮಗೆ ಜಾಸ್ತಿ ಲಾಭ ಕೊಡುತ್ತದೆ.

ನಮ್ಮ ಚಿಕ್ಕಪ್ಪ ದಿನಾ ಸಂಜೆ ಮೊಬೈಲ್ ಹಿಡಿದು ಮೀಟರ್ ಮುಂದೆ ನಿಲ್ಲುತ್ತಾರೆ. “ಏನಪ್ಪಾ, ಮೊಬೈಲ್‌ನಾಗೆ ನೂರಾ ಮೂವತ್ತೈದು ಐತೆ, ಮೀಟರ್‌ನಾಗೆ ನೂರಾ ಹದಿನೈದೇ ಏರೈತೆ. ಉಳಿದಿದ್ದು ಎಲ್ಲಿಗೋತು?” ಅಂತ ಕೇಳಿದರು. ಒಳ್ಳೆಯ ಪ್ರಶ್ನೆ. ಹೊಸದಾಗಿ ಹಾಕಿಸಿದ ಎಲ್ಲರಿಗೂ ಈ ಅನುಮಾನ ಬರುತ್ತದೆ. ಮೊಬೈಲ್ ತೋರಿಸುವುದು ಹುಟ್ಟಿದ ಕರೆಂಟು. ಅದರಲ್ಲಿ 20 ಯೂನಿಟ್ ನಮ್ಮ ಮೋಟರಿಗೇ ಹೋಯಿತು, ಹೊರಗಿನ ಮೀಟರನ್ನು ಮುಟ್ಟಲೇ ಇಲ್ಲ. ಬಿಲ್ ಬಂದಾಗ ‘ಇಂಪೋರ್ಟ್’, ‘ಎಕ್ಸ್‌ಪೋರ್ಟ್’ ಎರಡೂ ರೀಡಿಂಗನ್ನು ಹಿಂದಿನ ತಿಂಗಳದ್ದರ ಜೊತೆ ತಾಳೆ ನೋಡಿ. ಮೊಬೈಲಿನ ಅಂಕಿ ಬಿಲ್ಲಿಗೆ ಸಂಬಂಧವಿಲ್ಲ.

ಮಧ್ಯಾಹ್ನ ಇನ್ವರ್ಟರ್ ನಿಲ್ಲುತ್ತಿತ್ತು

ಈ ಬೇಸಿಗೆಯಲ್ಲಿ ನಾನು ಅತಿ ಹೆಚ್ಚು ತಲೆ ಕೆಡಿಸಿಕೊಂಡಿದ್ದು ಇದಕ್ಕೆ. ಪ್ಯಾನೆಲ್‌ನ ಡಿಸಿ ಕರೆಂಟನ್ನು ಲೈನಿಗೆ ಹೊಂದುವ ಎಸಿ ಮಾಡುವ ಇನ್ವರ್ಟರ್, ಬಿಸಿಲು ನೆತ್ತಿಗೆ ಬಂದ ಹೊತ್ತಿಗೇ ನಿಂತು, ಸ್ವಲ್ಪ ಹೊತ್ತು ಕಾದು, ಮತ್ತೆ ಶುರುವಾಗುತ್ತಿತ್ತು.

ಕಾರಣ ವೋಲ್ಟೇಜ್. ಲೈನಿನ ವೋಲ್ಟೇಜ್ ಮಾಮೂಲಿನ ಶೇ. 110 ದಾಟಿದರೆ ಇನ್ವರ್ಟರ್ ಎರಡು ಸೆಕೆಂಡಿನೊಳಗೆ ಲೈನಿಂದ ಬಿಟ್ಟುಕೊಳ್ಳಬೇಕು ಅಂತ ನಿಯಮವಿದೆ. 230ಕ್ಕೆ ಅದು 253 ವೋಲ್ಟ್. ಬೇಸಿಗೆಯ ಮಧ್ಯಾಹ್ನ ಸುತ್ತಲಿನ ಮಿಲ್ಲುಗಳೆಲ್ಲ ಸುಮ್ನೆ ನಿಂತಿರುತ್ತವೆ. ಲೋಡ್ ಇಲ್ಲ, ವೋಲ್ಟೇಜ್ ಏರಿರುತ್ತದೆ. ಅದರ ಮೇಲೆ ನಾವು ಕರೆಂಟು ತಳ್ಳಬೇಕು. ತಳ್ಳಬೇಕೆಂದರೆ ನಮ್ಮ ಕಡೆಯ ವೋಲ್ಟೇಜ್ ಇನ್ನೂ ಸ್ವಲ್ಪ ಮೇಲಿರಬೇಕು.

ನಮ್ಮ ಇನ್ವರ್ಟರ್ ಹಿಂದಿನ ಗೋಡೆಯ ಮೇಲಿದೆ. ಮೀಟರಿಗೆ 60 ಮೀಟರ್ ದೂರ, 16 ಚದರ ಮಿಲಿಮೀಟರ್ ಅಲ್ಯೂಮಿನಿಯಂ ಕೇಬಲ್. 30 ಕಿಲೋವ್ಯಾಟ್‌ಗೆ ಒಂದು ಫೇಸಿನಲ್ಲಿ ಸುಮಾರು 43 ಆಂಪಿಯರ್ ಹರಿಯುತ್ತದೆ. ಕೇಬಲ್ ಅತಿಯಾಗಿ ಬಿಸಿಯಾಗುವುದಿಲ್ಲ, ತಾಳಿಕೆಗೆ ಅದು ಸಾಕು. ಆದರೆ ಆ ಉದ್ದದಲ್ಲಿ 5 ವೋಲ್ಟ್ ಏರುತ್ತದೆ. 35 ಚದರ ಮಿಲಿಮೀಟರ್ ಕೇಬಲ್ ಎಳೆಸಿದೆವು, ಏರಿಕೆ ಎರಡು ವೋಲ್ಟ್ ಚಿಲ್ಲರೆಗೆ ಇಳಿಯಿತು. ಸೆಕ್ಷನ್ ಆಫೀಸಿಗೆ ಅರ್ಜಿ ಕೊಟ್ಟಾಗ ಇಂಜಿನಿಯರ್ ಬಂದು ಅಳೆದು ನೋಡಿ, ಟಿಸಿಯ (ಟ್ರಾನ್ಸ್‌ಫಾರ್ಮರ್‌ನ) ವೋಲ್ಟೇಜ್ ಹೊಂದಿಸುವ ಟ್ಯಾಪ್ ಒಂದು ಹಂತ ಬದಲಿಸಿಕೊಟ್ಟರು. ಈಗ ನಿಲ್ಲುತ್ತಿಲ್ಲ. ಕೇಬಲ್‌ಗೆ ಹಾಕಿದ ದುಡ್ಡು ಮುಂದಿನ ಬೇಸಿಗೆಯಲ್ಲಿ ವಾಪಸ್ ಬರುತ್ತದೆ ಅಂತ ನಂಬಿಕೆ ಇದೆ.

ಲೈನ್ ಹೋದಾಗ ಇನ್ವರ್ಟರ್ ನಿಲ್ಲುವುದು ಬೇರೆ ವಿಚಾರ. ಅದು ನಿಲ್ಲಲೇಬೇಕು. ಕಂಬದ ಮೇಲೆ ಲೈನ್‌ಮ್ಯಾನ್ ಇರುತ್ತಾರೆ, ನಮ್ಮ ಕರೆಂಟು ಅವರಿಗೆ ತಾಗಬಾರದು.

ಧೂಳು ಮತ್ತು ನೀರು

ಶೇಂಗಾ ಸುಲಿಯುವ ಮಷೀನಿನ ಸಿಪ್ಪೆ ಧೂಳು ಗಾಳಿಯ ಕಡೆಯ ಪ್ಯಾನೆಲ್‌ಗಳ ಮೇಲೆ ದಪ್ಪಗೆ ಕೂರುತ್ತದೆ. ಬ್ಲೋವರ್‌ನ ಬಾಯಿ ತಿರುಗಿಸಿ ಚೀಲ ಕಟ್ಟಿದ್ದೇವೆ. ಇಲ್ಲಿನ ಬೋರ್ ನೀರು ಗಡಸು, ಅದರಲ್ಲಿ ತೊಳೆದರೆ ಗಾಜಿನ ಮೇಲೆ ಬಿಳಿ ಕಲೆ ಉಳಿಯುತ್ತದೆ. ಹಿಡಿದಿಟ್ಟ ಮಳೆ ನೀರನ್ನು ಇದಕ್ಕೇ ಮೀಸಲಿಟ್ಟಿದ್ದೇವೆ. ಗಾಜು ಕಾಯುವ ಮೊದಲು, ಬೆಳಗ್ಗೆಯೇ ತೊಳೆಯಬೇಕು.

ಆಡಿಟರ್ ಹೇಳಿದ್ದು

ಸೋಲಾರ್‌ಗೆ ಆದಾಯ ತೆರಿಗೆಯಲ್ಲಿ ವರ್ಷಕ್ಕೆ ಶೇ. 40 ಸವಕಳಿ ಸಿಗುತ್ತದೆ, ಅಂದರೆ ಲೆಕ್ಕದಲ್ಲಿ ಉಳಿದಿರುವ ಅದರ ಬೆಲೆಯ ಅಷ್ಟು ಭಾಗವನ್ನು ಲಾಭದಿಂದ ಕಳೆಯಬಹುದು. ಆ ಹಣಕಾಸು ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಆ ವರ್ಷ ಅದರ ಅರ್ಧ. ನಮ್ಮದು ಶುರುವಾಗಿದ್ದು ಮಾರ್ಚ್‌ಗೆ ಹತ್ತಿರ, ಹಾಗಾಗಿ ಮೊದಲ ವರ್ಷ ಶೇ. 20. ಸೆಪ್ಟೆಂಬರ್ ಒಳಗೆ ಶುರು ಮಾಡಿದವರಿಗೆ ಪೂರ್ತಿ ಸಿಗುತ್ತದೆ. ಲಾಭದಲ್ಲಿರುವ ವ್ಯಾಪಾರಕ್ಕೆ ಇದು ಸಣ್ಣ ಮೊತ್ತವಲ್ಲ. ಕರೆಂಟು ಮಾರಿ ಬಂದದ್ದನ್ನು ಆದಾಯದಲ್ಲಿ ತೋರಿಸಬೇಕು, ಅಷ್ಟೇ.

ಖಾರದ ಮಷೀನು

ನಮ್ಮ ಮನೆಯ ಹೆಂಗಸರು ಕೊಟ್ಟ ಯೋಜನೆ ಇದು, ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಬೇಸಿಗೆ ಅಂದರೆ ಊರಿಗೆ ಊರೇ ವರ್ಷದ ಖಾರದಪುಡಿ, ಸಾರಿನ ಪುಡಿ ಮಾಡಿಸುವ ಕಾಲ ಅಲ್ವಾ? ನಮ್ಮ ಕರೆಂಟು ಮಿಗುವುದೂ ಅದೇ ಕಾಲ. 10 ಎಚ್‌ಪಿ ಪುಡಿ ಮಷೀನು ಗಂಟೆಗೆ ಸುಮಾರು ಏಳೂವರೆ ಯೂನಿಟ್ ತಗೊಳ್ಳುತ್ತದೆ. ಅಷ್ಟನ್ನು ಲೈನಿಗೆ ಕೊಟ್ಟರೆ ಇಪ್ಪತ್ತೆರಡೂವರೆ ರೂಪಾಯಿ. ಒಂದು ಕೆಜಿ ಮೆಣಸಿನಕಾಯಿ ಪುಡಿ ಮಾಡಿದ ಕೂಲಿಯೇ ಅದನ್ನು ದಾಟುತ್ತದೆ.

ಏಪ್ರಿಲ್ ಕೊನೆಗೆ ಮಷೀನು ಕೂರಿಸಿದೆವು. ಎಣ್ಣೆ ಕೆಲಸಕ್ಕೆ ಖಾರದ ಘಾಟು ತಾಗದ ಹಾಗೆ ಬೇರೆ ಕೋಣೆಯಲ್ಲಿ. ಮೇ ತಿಂಗಳಲ್ಲಿ ಲೈನಿಗೆ ಹೋದ ಯೂನಿಟ್ ಕಡಿಮೆಯಾಯಿತು, ಕೈಗೆ ಬಂದ ದುಡ್ಡು ಜಾಸ್ತಿಯಾಯಿತು. ಬೇಸಿಗೆಯಲ್ಲಿ ಮನೆಗೆ ಹೋಗುತ್ತಿದ್ದ ಇಬ್ಬರಿಗೆ ಕೆಲಸವೂ ಸಿಕ್ಕಿತು. ಇದು ನನಗೆ ನಿಜಕ್ಕೂ ದೊಡ್ಡ ವಿಷಯ.

ಮುಂದೆ

ಪಕ್ಕದ ಮಿಲ್ಲಿನ ಅಣ್ಣ ಲೋಡ್ ಏರಿಸಿ 100 ಕಿಲೋವ್ಯಾಟ್ ಹಾಕಿಸುತ್ತೇನೆ, ಬರೀ ಮಾರಿಕೊಂಡೇ ಇರುತ್ತೇನೆ ಅನ್ನುತ್ತಿದ್ದಾರೆ. ಅವರಿಗೆ ಹನ್ನೆರಡು ತಿಂಗಳ ಬಿಲ್ ತರಲು ಹೇಳಿದ್ದೇನೆ. ಒಂದೊಂದು ತಿಂಗಳು ಎಷ್ಟು ಯೂನಿಟ್ ಕೊಳ್ಳುವ ಬೆಲೆಗೆ ವಜಾ ಆಗುತ್ತದೆ, ಎಷ್ಟು ಮೂರು ರೂಪಾಯಿಗೆ ಹೋಗುತ್ತದೆ, ಹೊಸ ಫಿಕ್ಸೆಡ್ ಚಾರ್ಜ್ ಎಷ್ಟು ಅಂತ ಇಬ್ಬರೂ ಕೂತು ಬರೆಯುತ್ತೇವೆ. ಬ್ಯಾಂಕಿಗೆ ಹೋಗುವುದು ಆಮೇಲೆ.

ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇನ್ನೂ ಖಾಲಿ ಇದೆ. ನವಣೆ, ಸಾಮೆ ಸಿಪ್ಪೆ ತೆಗೆಯುವ ಸಣ್ಣ ಮಷೀನಿನ ದರ ಕೇಳಿದ್ದೇನೆ. ಸುತ್ತಲಿನ ಹಳ್ಳಿಗಳಲ್ಲಿ ಸಿರಿಧಾನ್ಯ ಬೆಳೆಯುವವರು ಇದ್ದಾರೆ, ಅಕ್ಕಿ ಮಾಡಿಸೋಕೆ ದೂರ ಹೋಗುತ್ತಾರೆ. ಈ ತಿಂಗಳು ಅವರಲ್ಲಿ ಕೆಲವರನ್ನು ಕಂಡು, ವರ್ಷಕ್ಕೆ ಎಷ್ಟು ಚೀಲ ತರಬಹುದು ಅಂತ ಕೇಳಿ ಬರಬೇಕು. ಮುಂದಿನ ಸಲ ಆ ಲೆಕ್ಕ ಹಾಕುತ್ತೇನೆ.